ಮುನ್ನೂರು ಕಡ್ಡಿ ಇದ್ದವು, ಒಂದೂ ಹೊತ್ತಲಿಲ್ಲ

ಮಳೆಗಾಲದಲ್ಲಿ ಮುಳಶಿ, ತಾಮ್ಹಿಣಿ ಘಾಟ್ ಕಡೆ ಹೊರಟಿರುವ ಪುಣೆಯ ಕನ್ನಡಿಗರು ದಯವಿಟ್ಟು ಇದನ್ನು ಓದಿ. ಮಕ್ಕಳನ್ನು ಕರೆದುಕೊಂಡು ಹೋಗುವವರಂತೂ ಓದಲೇಬೇಕು. ಬೆಂಕಿಕಡ್ಡಿ ಇಟ್ಟುಕೊಳ್ಳುವುದರಲ್ಲಿ ನಾನು ಮಾಡಿದ ತಪ್ಪಿಗೆ ನನ್ನ ಏಳು ವರ್ಷದ ಮಗ ಚಳಿಯಲ್ಲಿ ನಡುಗಿದ.

ಹೋದ ವರ್ಷ ಜುಲೈ. ನಾನು, ನಮ್ಮನೆಯವರು, ಮಗ, ವಿಜಯಪುರದಿಂದ ಬಂದಿದ್ದ ನನ್ನ ತಮ್ಮ, ನಾಲ್ವರೂ ವಾರ್ಜೆಯಿಂದ ಹೊರಟೆವು. ಮುಳಶಿ ಹಿನ್ನೀರಿನ ಆಚೆ ಪರಿಚಯದವರ ಹೊಲದ ಮನೆ ಇದೆ, ಅಲ್ಲಿ ಒಂದು ರಾತ್ರಿ ಇರುವುದು ಅಂತ. ಡಾಂಬರು ರಸ್ತೆ ಮುಗಿದ ಮೇಲೆ ಬರೀ ಕೆಸರು. ಕಾರು ಅಲ್ಲೇ ನಿಲ್ಲಿಸಿ ಮೂರು ಕಿಲೋಮೀಟರ್ ನಡೆದೆವು. ಹಳ್ಳ ದಾಟುವಾಗ ಮಗ ಜಾರಿ ಬಿದ್ದ. ಅವನನ್ನು ಹಿಡಿಯಲು ಹೋಗಿ ನಾನೂ ಬಿದ್ದೆ, ನನ್ನ ಹೆಗಲ ಬ್ಯಾಗೂ ನೀರಲ್ಲಿ ಮುಳುಗಿತು. ನನ್ನ ತಮ್ಮ ಹುಡುಗನನ್ನು ಎತ್ತಿಕೊಂಡ. ಮನೆ ಮುಟ್ಟುವಷ್ಟರಲ್ಲಿ ಮಗನ ತುಟಿ ನೀಲಿಯಾಗಿತ್ತು. ಹಲ್ಲು ಕಟಕಟ ಅನ್ನುತ್ತಿದ್ದವು. ಕರೆಂಟ್ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ.

ಮನೆಯಲ್ಲಿ ಒಲೆ ಇತ್ತು, ಒಣ ಸೌದೆಯೂ ಇತ್ತು. ಬೆಂಕಿ ಹಚ್ಚಿದರೆ ಆಯಿತು ಅಂದುಕೊಂಡೆ.

ನನ್ನ ತಯಾರಿ ಏನಿತ್ತು ಹೇಳುತ್ತೇನೆ. ಜೂನ್‌ನಲ್ಲೇ ಎಂಟು ಬೆಂಕಿಪೆಟ್ಟಿಗೆಯ ಕಡ್ಡಿಗಳನ್ನೆಲ್ಲ ಬಿಗಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿಗೆ ಸುರಿದಿದ್ದೆ. ಮುನ್ನೂರರ ಹತ್ತಿರ ಕಡ್ಡಿ. ಖಾಲಿ ಪೆಟ್ಟಿಗೆಗಳನ್ನು ಕಸಕ್ಕೆ ಹಾಕಿದೆ. ಗೀರುವುದಕ್ಕೆ ಒಂದೇ ಒಂದು ಪೆಟ್ಟಿಗೆಯ ಪಟ್ಟಿ ಕತ್ತರಿಸಿ, ಡಬ್ಬಿಯ ಹೊರಗೆ ಅಂಟಿಸಿದ್ದೆ. ಒಳಗೆ ಇಟ್ಟರೆ ಕಡ್ಡಿಗೆ ಉಜ್ಜಿ ಹೊತ್ತಿಕೊಂಡೀತು ಅನ್ನುವ ಭಯ. ಆ ಭಯ ಸರಿಯೇ. ಆದರೆ ಹೊರಗಿದ್ದ ಪಟ್ಟಿಗೆ ನೀರು ತಾಗುತ್ತದೆ ಅಂತ ಯೋಚಿಸಲೇ ಇಲ್ಲ.

ಡಬ್ಬಿ ತೆಗೆದರೆ ಕಡ್ಡಿಗಳು ಗರಿಗರಿ ಒಣಗಿದ್ದವು. ಪಟ್ಟಿ ಮಾತ್ರ ನೆಂದು ಮೆತ್ತಗಾಗಿತ್ತು. ಮೊದಲ ಕಡ್ಡಿ ಗೀರಿದ್ದಕ್ಕೇ ಅದರ ಕಂದು ಬಣ್ಣದ ಲೇಪ ಕೆಸರಿನ ಹಾಗೆ ಕಿತ್ತುಬಂತು. ನಾಲ್ಕನೇ ಕಡ್ಡಿಗೆ ಬರೀ ರಟ್ಟು ಉಳಿಯಿತು. "ಅಕ್ಕಾ, ಕಡ್ಡಿ ಛಲೋ ಅದಾವ, ಪಟ್ಟಿನೇ ಹೋಗ್ಯದ" ಅಂದ ತಮ್ಮ. ಕಲ್ಲಿನ ಗೋಡೆ, ಸಿಮೆಂಟ್ ನೆಲ, ಸ್ಟೀಲ್ ಲೋಟದ ತಳ, ಎಲ್ಲದರ ಮೇಲೂ ಗೀರಿದ. ಕಡ್ಡಿ ಮುರಿದವು, ಮದ್ದು ಪುಡಿಯಾಯಿತು, ಒಂದೂ ಹೊತ್ತಲಿಲ್ಲ.

ಕಾರಣ ಮನೆಗೆ ಬಂದ ಮೇಲೆ ಓದಿ ತಿಳಿದುಕೊಂಡೆ. ನಾವು ಅಂಗಡಿಯಲ್ಲಿ ಕೊಳ್ಳುವ ಕಡ್ಡಿಯ ತುದಿಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್, ಗಂಧಕ ಇರುತ್ತವೆ. ಕಿಡಿ ಶುರುಮಾಡುವ ಕೆಂಪು ರಂಜಕ (ಫಾಸ್ಫರಸ್) ಇರುವುದು ಪೆಟ್ಟಿಗೆಯ ಪಟ್ಟಿಯಲ್ಲಿ, ಗಾಜಿನ ಪುಡಿ ಮತ್ತು ಅಂಟಿನ ಜೊತೆ. ಹಿಂದೆ ಬಿಳಿ ರಂಜಕದ ಕಡ್ಡಿಗಳಿದ್ದವು. ಅವು ಎಲ್ಲಿ ಗೀರಿದರೂ ಹೊತ್ತುತ್ತಿದ್ದವು. ಆದರೆ ಅವನ್ನು ಮಾಡುವ ಕೆಲಸಗಾರರ ದವಡೆ ಮೂಳೆಯೇ ಕೊಳೆಯುತ್ತಿತ್ತು. 1844ರಲ್ಲಿ ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್ ಕಡ್ಡಿಯ ಮದ್ದು, ಪಟ್ಟಿಯ ರಂಜಕ ಎರಡನ್ನೂ ಬೇರೆ ಬೇರೆ ಮಾಡಿದ. ನಮ್ಮ ಶಿವಕಾಶಿ, ಕೋವಿಲ್‌ಪಟ್ಟಿಯ ಪೆಟ್ಟಿಗೆಗಳೂ ಅದೇ ಬಗೆಯವು. ಹಾಗಾಗಿ ಪಟ್ಟಿ ಹೋದರೆ ಕಡ್ಡಿ ಎಷ್ಟಿದ್ದರೂ ಇಲ್ಲದ ಹಾಗೆಯೇ.

ಅಡುಗೆಮನೆಯ ಗ್ಯಾಸ್ ಲೈಟರ್ ಕೂಡ ನಮ್ಮವರ ಬ್ಯಾಗಿನಲ್ಲಿತ್ತು. ಟಕ್ ಟಕ್ ಅಂತ ಕಿಡಿ ಬರುತ್ತಿತ್ತು, ಆದರೆ ಆ ಕಿಡಿಗೆ ಪೇಪರ್ ಹೊತ್ತುವುದಿಲ್ಲ. ಗ್ಯಾಸ್‌ಗೆ ಮಾತ್ರ ಅದು ಸಾಕು. ಇದನ್ನು ನಂಬಿ ಹೋಗುವವರು ತುಂಬಾ ಜನ ಇದ್ದಾರೆ, ದಯವಿಟ್ಟು ನಂಬಬೇಡಿ.

ಕೊನೆಗೆ ಮಗನ ಒದ್ದೆ ಬಟ್ಟೆ ಎಲ್ಲ ತೆಗೆದು, ಒಣ ಕಂಬಳಿಯಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ಕೂತೆ. ಇದನ್ನು ಮನೆ ಮುಟ್ಟಿದ ಕೂಡಲೇ ಮಾಡಬೇಕಿತ್ತು. ಕಡ್ಡಿಯ ಜೊತೆ ಗುದ್ದಾಡುತ್ತಾ ಕಾಲು ಗಂಟೆ ಕಳೆದಿದ್ದೆವು. ಚಳಿ ಹಿಡಿದವರಿಗೆ ಮೊದಲು ಒಣ ಬಟ್ಟೆ, ಬೆಂಕಿ ಆಮೇಲೆ.

ತಮ್ಮ ಮಳೆಯಲ್ಲೇ ಹತ್ತಿರದ ಧನಗರ ವಾಡಿಗೆ ಓಡಿದ. ಧನಗರರು ಅಂದರೆ ನಮ್ಮ ಕುರುಬರ ಹಾಗೆ, ಕುರಿ ದನ ಸಾಕುವವರು. ಅಲ್ಲಿಯ ಅಜ್ಜಿಯೊಬ್ಬರು ಒಲೆಯ ಮೇಲಿನ ಅಟ್ಟದಿಂದ ಒಂದು ತಗಡಿನ ಡಬ್ಬಿ ಇಳಿಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿದ್ದ ಪೆಟ್ಟಿಗೆ ತೆಗೆದು "ಘೇ ಬಾಳಾ" (ತಗೋ ಮಗು) ಅಂತ ಕೊಟ್ಟರಂತೆ. ಒಲೆಯ ಕಾವಿಗೆ ಅಟ್ಟದ ಮೇಲೆ ತೇವ ಏರುವುದಿಲ್ಲ. ನಮ್ಮೂರಲ್ಲಿ ಅವ್ವ ಕೂಡ ಹಾಗೇ ಇಡುತ್ತಿದ್ದಳು, ನಾನು ಮರೆತಿದ್ದೆ. ತಮ್ಮ ವಾಪಸ್ ಬಂದು ಒಲೆ ಹೊತ್ತಿಸುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಬಿಸಿ ಸಕ್ಕರೆ ನೀರು ಕುಡಿದ ಮೇಲೆ ಮಗ ಮಾತಾಡಿದ.

ಈಗ ನಾನು ಪೆಟ್ಟಿಗೆಯಿಂದ ಕಡ್ಡಿ ಬಿಡಿಸುವುದೇ ಇಲ್ಲ. ಪೂರ್ತಿ ಪೆಟ್ಟಿಗೆಯನ್ನೇ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚುತ್ತೇನೆ. ಅದನ್ನು ಇನ್ನೊಂದು ಚೀಲಕ್ಕೆ ಹಾಕಿ, ಸ್ಟೀಲ್ ಡಬ್ಬಿಯೊಳಗೆ ಇಡುತ್ತೇನೆ. ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನೂ ಜೊತೆಗೆ ಹಾಕುತ್ತೇನೆ. ಇಂಥ ಎರಡು ಡಬ್ಬಿ, ಎರಡು ಬೇರೆ ಬ್ಯಾಗಿನಲ್ಲಿ. ಇದು ಎಲ್ಲಕ್ಕಿಂತ ಮುಖ್ಯ. 2021ರ ಡಿಸೆಂಬರ್‌ನಲ್ಲಿ ಪೆಟ್ಟಿಗೆಯ ಬೆಲೆ ಒಂದು ರೂಪಾಯಿಯಿಂದ ಎರಡಾಯಿತು, ಅಷ್ಟೇ. ಎಂಟು ಪೆಟ್ಟಿಗೆ ಹಾಗೇ ಇಟ್ಟಿದ್ದರೆ ಹದಿನಾರು ಪಟ್ಟಿ ಇರುತ್ತಿದ್ದವು, ಅಲ್ವಾ? ಮೇಣದ ಕಡ್ಡಿಗಿಂತ ಮರದ ಕಡ್ಡಿ ವಾಸಿ, ಮೇಣದ್ದು ಗೀರುವಾಗಲೇ ಬಾಗುತ್ತದೆ. ಜೊತೆಗೆ ಒಂದು ಮೇಣದಬತ್ತಿ, ಒಂದಿಷ್ಟು ಕರ್ಪೂರ. ಕರ್ಪೂರ ಗಾಳಿಗೆ ಸವೆದು ಹೋಗುತ್ತದೆ, ಅದನ್ನೂ ಬಿಗಿಯಾಗಿ ಕಟ್ಟಿ. ಒದ್ದೆ ಪೆಟ್ಟಿಗೆಯನ್ನು ಒಲೆ ಪಕ್ಕ ಅಥವಾ ತವೆಯ ಮೇಲೆ ಒಣಗಿಸಲು ಮಾತ್ರ ಹೋಗಬೇಡಿ, ಪೂರ್ತಿ ಪೆಟ್ಟಿಗೆ ಒಮ್ಮೆಲೇ ಹೊತ್ತಿಕೊಳ್ಳಬಹುದು.

ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಎರಡೂ ಡಬ್ಬಿ ತೆಗೆದು ಒಂದೊಂದು ಕಡ್ಡಿ ಗೀರಿ ನೋಡುತ್ತೇನೆ. ಮೊನ್ನೆ ಒಂದು ಮೊದಲ ಸಲಕ್ಕೇ ಹೊತ್ತಿತು. ಇನ್ನೊಂದಕ್ಕೆ ಮೂರು ಸಲ ಗೀರಬೇಕಾಯಿತು. ಅದನ್ನು ದೇವರ ಮನೆಗೆ ಇಟ್ಟು, ಡಬ್ಬಿಗೆ ಹೊಸ ಪೆಟ್ಟಿಗೆ ಹಾಕಿದೆ.