ಕೈಹೊಲಿಗೆಯ ಚರ್ಮದ ಚೀಲಕ್ಕೆ ಯಾವ ಗಸೆಟ್: ಸುತ್ತುಪಟ್ಟಿಯೋ, ಪಕ್ಕೆ ತುಂಡೋ?

ಚೀಲದ ಮುಂಭಾಗ ಮತ್ತು ಹಿಂಭಾಗಗಳ ನಡುವೆ ನಿಂತು ಅದಕ್ಕೆ ಆಳವನ್ನು ಕೊಡುವ ತುಂಡೇ ಗಸೆಟ್. ಗಸೆಟ್ ಇಲ್ಲದ ಚೀಲ ಲಕೋಟೆಯಂತೆ ಚಪ್ಪಟೆಯಾಗಿರುತ್ತದೆ. ಒಂದೇ ಅಳತೆಯ ಚೀಲವನ್ನು, ಅಂದರೆ 24 ಸೆಂ.ಮೀ. ಅಗಲ, 18 ಸೆಂ.ಮೀ. ಎತ್ತರ, 6 ಸೆಂ.ಮೀ. ಆಳದ ಹೆಗಲ ಚೀಲವನ್ನು, ಬೇರೆ ಬೇರೆ ಬಗೆಯ ಗಸೆಟ್‌ಗಳಿಂದ ಕೈಯಲ್ಲೇ ಹೊಲಿದು, ಹೊತ್ತು, ಹೋಲಿಸಿ ನೋಡಿದ್ದೇನೆ. ಮುಖ್ಯವಾದ ಎರಡು ಬಗೆಗಳಿಗೂ ತಮಿಳುನಾಡಿನ ದಿಂಡಿಗಲ್, ತಿರುಚಿರಾಪಳ್ಳಿ, ಈರೋಡು ಕಡೆಗಳಲ್ಲಿ ಈ.ಐ. (ಈಸ್ಟ್ ಇಂಡಿಯಾ) ಎಂಬ ಹೆಸರಿನಿಂದ ತಯಾರಾಗುವ, ತೊಗಟೆಯಿಂದ ಹದ ಮಾಡಿದ ಚರ್ಮವನ್ನೇ ಆರಿಸಿಕೊಂಡೆ. ಹಿಂದೆ ತಂಗಡಿ ಗಿಡದ ತೊಗಟೆಯಿಂದಲೂ ಈಗ ಹೆಚ್ಚಾಗಿ ವಾಟಲ್ ಎಂಬ ಅಕೇಶಿಯಾ ಜಾತಿಯ ಮರದ ತೊಗಟೆಯಿಂದಲೂ ಹದಗೊಳ್ಳುವ, ಅಳಲೆಕಾಯಿಯ ರಸದಲ್ಲಿ ಮುಗಿತಾಯ ಕಾಣುವ ಈ ಚರ್ಮಕ್ಕೆ ಒಂದು ಗುಣವಿದೆ: ನೀರು ಕುಡಿಸಿದರೆ ಕೈ ಹೇಳಿದಂತೆ ಬಾಗುತ್ತದೆ, ಒಣಗಿದ ಮೇಲೆ ಬಾಗಿದ ಆಕಾರವನ್ನು ಬಿಡುವುದಿಲ್ಲ. ಗಸೆಟ್ ಕೆಲಸಕ್ಕೆ ಬೇಕಾದದ್ದು ಇದೇ ಗುಣ. ಮುಂಭಾಗ ಹಿಂಭಾಗಗಳಿಗೆ 2 ಮಿ.ಮೀ. ದಪ್ಪದ್ದನ್ನೂ ಗಸೆಟ್‌ಗೆ 1.2ರಿಂದ 1.4 ಮಿ.ಮೀ. ದಪ್ಪದ್ದನ್ನೂ ಬಳಸಿದೆ.

ಮೊದಲನೆಯದು ಸುತ್ತುಪಟ್ಟಿ. ಒಂದೇ ಉದ್ದನೆಯ ಪಟ್ಟಿ ಚೀಲದ ಒಂದು ಬಾಯಂಚಿನಿಂದ ಇಳಿದು, ತಳವನ್ನು ದಾಟಿ, ಇನ್ನೊಂದು ಬಾಯಂಚಿಗೆ ಏರುತ್ತದೆ. ಪಟ್ಟಿಯ ಎರಡೂ ಅಂಚುಗಳನ್ನು 6 ಮಿ.ಮೀ.ನಷ್ಟು ಹೊರಕ್ಕೆ ಮಡಿಚಿ, ಆ ಮಡಿಪಿಗೆ ಮುಂಭಾಗ ಹಿಂಭಾಗಗಳನ್ನು ಅಂಟಿಸಿ ಹೊಲಿಯಬೇಕು. ಮಡಿಪಿನ ಗೆರೆಯುದ್ದಕ್ಕೂ ಚರ್ಮದ ಒಳಮೈಯಲ್ಲಿ ತೆಳುವಾದ ತೋಡು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ಚರ್ಮದ ಮೂಲ ಬಣ್ಣ ಮರಳಿ ಬರುವಷ್ಟು ಹೊತ್ತು ಬಿಟ್ಟು ಮಡಿಚಿದರೆ ನೇರವಾದ ಭಾಗದಲ್ಲಿ ಮಡಿಪು ಸಲೀಸಾಗಿ ಕೂರುತ್ತದೆ. ತೊಡಕು ಶುರುವಾಗುವುದು ಕೆಳಗಿನ ಎರಡು ಮೂಲೆಗಳಲ್ಲಿ.

ಮೂಲೆಯಲ್ಲಿ ಪಟ್ಟಿ ಬಾಗುವಾಗ ಮಡಿಪಿನ ಗೆರೆ ಒಳಗಿನ ಚಿಕ್ಕ ಕಮಾನಿನಲ್ಲಿಯೂ ಮಡಿಪಿನ ಹೊರ ಅಂಚು ದೊಡ್ಡ ಕಮಾನಿನಲ್ಲಿಯೂ ಸಾಗಬೇಕಾಗುತ್ತದೆ. ಕಾಲು ವೃತ್ತದಲ್ಲಿ ಈ ಎರಡರ ಉದ್ದದ ವ್ಯತ್ಯಾಸವು ಮಡಿಪಿನ ಅಗಲವನ್ನು 1.57ರಿಂದ ಗುಣಿಸಿದಷ್ಟು, 6 ಮಿ.ಮೀ. ಮಡಿಪಿಗೆ 9.4 ಮಿ.ಮೀ. ಮೂಲೆಯನ್ನು ಎಷ್ಟು ದುಂಡಗೆ ಕತ್ತರಿಸಿದರೂ ಈ ಕೊರತೆ ಅಷ್ಟೇ ಇರುತ್ತದೆ. ಬದಲಾಗುವುದು ಅದು ಎಷ್ಟು ಉದ್ದಕ್ಕೆ ಹಂಚಿಹೋಗುತ್ತದೆ ಎಂಬುದು ಮಾತ್ರ. ಮೂಲೆಯ ತ್ರಿಜ್ಯ 20 ಮಿ.ಮೀ. ಆಗಿದ್ದರೆ ಮಡಿಪಿನ ಗೆರೆ 22 ಮಿ.ಮೀ. ಸಾಗುವಷ್ಟರಲ್ಲಿ ಅಂಚು 31.4 ಮಿ.ಮೀ. ಸಾಗಬೇಕು, ಅಂದರೆ ಶೇ 40ಕ್ಕೂ ಮೀರಿ ಹಿಗ್ಗಬೇಕು. ಅಷ್ಟು ಹಿಗ್ಗುವ ಹೊತ್ತಿಗೆ ಮೇಲ್ಮೈ ಬಿರಿಯುತ್ತದೆ, ಇಲ್ಲವೇ ಮಡಿಪು ಹಿಂದಕ್ಕೆ ಸರಿದು ಹೊಲಿಗೆಗೆ ಸಿಗದೆ ಹೋಗುತ್ತದೆ. ತ್ರಿಜ್ಯವನ್ನು 40 ಮಿ.ಮೀ.ಗೆ ಏರಿಸಿದಾಗ 53.4 ಮಿ.ಮೀ. ಚರ್ಮ 62.8 ಮಿ.ಮೀ. ಆದರೆ ಸಾಕು. ಒದ್ದೆಯಾದ ಚರ್ಮ ಶೇ 17–18ರಷ್ಟು ಹಿಗ್ಗುವುದನ್ನು ಸಹಿಸುತ್ತದೆ. ಸುತ್ತುಪಟ್ಟಿಯ ಚೀಲಗಳ ಮೂಲೆಗಳು ಅಷ್ಟು ದುಂಡಗೆ ಇರುವುದು ಬರಿಯ ಅಂದಕ್ಕೆ ಎಂದು ಭಾವಿಸುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಚರ್ಮದ ಯಾವ ಭಾಗದಿಂದ ಪಟ್ಟಿಯನ್ನು ಕತ್ತರಿಸಬೇಕೆಂಬುದೂ ಇದಕ್ಕೇ ಸಂಬಂಧಪಟ್ಟ ಪ್ರಶ್ನೆ. ಬೆನ್ನೆಲುಬಿನ ಗುಂಟ ಉದ್ದಕ್ಕೆ ಕತ್ತರಿಸಿದ ಪಟ್ಟಿ ಭಾರಕ್ಕೆ ಜಗ್ಗುವುದಿಲ್ಲ, ಆದರೆ ಅದೇ ಕಾರಣಕ್ಕೆ ಮೂಲೆಯಲ್ಲಿ ಹಿಗ್ಗಲೂ ಒಪ್ಪುವುದಿಲ್ಲ. ಹೊಟ್ಟೆಯ ಭಾಗದ್ದು ಮೂಲೆಯಲ್ಲಿ ಬೆಣ್ಣೆಯಂತೆ ಕೂರುತ್ತದೆ, ಆದರೆ ಕೆಲವೇ ತಿಂಗಳಲ್ಲಿ ತಳ ಜೋತು ಬೀಳುತ್ತದೆ. ಭುಜದ ಭಾಗವನ್ನು ಆರಿಸಿಕೊಂಡಾಗ ಎರಡೂ ಕಡೆಯ ಒಳಿತು ಸಾಕಷ್ಟು ಸಿಕ್ಕಿತು. ಪೂರ್ತಿ ಉದ್ದದ ಪಟ್ಟಿ ಸಿಗದಿದ್ದರೆ ತಳದ ನೇರ ಭಾಗದಲ್ಲಿ ಎರಡು ತುಂಡುಗಳ ಅಂಚುಗಳನ್ನು ರಂಪಿಗೆಯಿಂದ, ಅಂದರೆ ಚರ್ಮ ಕೆತ್ತುವ ಚಾಕುವಿನಿಂದ, ಕೆತ್ತಿ ತೆಳು ಮಾಡಿ, 12 ಮಿ.ಮೀ.ನಷ್ಟು ಒಂದರ ಮೇಲೊಂದು ಕೂರಿಸಿ ಹೊಲಿಯಬಹುದು. ಆ ಬೆಸುಗೆ ಮೂಲೆಗೆ ಬರಬಾರದು, ಅಷ್ಟೇ.

ಇನ್ನು ಹೊಲಿಗೆ. ಒಂದು ದಾರದ ಎರಡು ತುದಿಗಳಿಗೂ ಸೂಜಿ ಪೋಣಿಸಿ, ಪ್ರತಿ ತೂತಿನಲ್ಲೂ ಎರಡೂ ಸೂಜಿಗಳನ್ನು ಎದುರುಬದುರಾಗಿ ದಾಟಿಸುವ ಸ್ಯಾಡಲ್ ಹೊಲಿಗೆಯನ್ನೇ ಎಲ್ಲದಕ್ಕೂ ಹಾಕಿದೆ. ಅಂಚಿನಿಂದ 3 ಮಿ.ಮೀ. ಒಳಗೆ ಹೊಲಿಗೆಯ ಗೆರೆ, 3.85 ಮಿ.ಮೀ. ಅಂತರದ ತೂತುಗಳು, 0.6 ಮಿ.ಮೀ. ಮೇಣದ ದಾರ. ಸುತ್ತುಪಟ್ಟಿಯ ಒಂದು ಬದಿಯ ಹೊಲಿಗೆಯ ಉದ್ದ ಸುಮಾರು 55.6 ಸೆಂ.ಮೀ. ಆಗುತ್ತದೆ, ಅಂದರೆ ಹತ್ತಿರ ಹತ್ತಿರ 144 ಹೊಲಿಗೆಗಳು. ದಾರವನ್ನು ಹೊಲಿಗೆಯ ಉದ್ದದ ನಾಲ್ಕರಷ್ಟು ಲೆಕ್ಕದಲ್ಲಿ, ಎರಡೂಕಾಲು ಮೀಟರ್‌ಗಿಂತ ತುಸು ಹೆಚ್ಚೇ ಕತ್ತರಿಸಿಕೊಳ್ಳಬೇಕು. ಮುಂಭಾಗದಲ್ಲೂ ಪಟ್ಟಿಯಲ್ಲೂ ಮೊದಲೇ ಬೇರೆ ಬೇರೆಯಾಗಿ ತೂತು ಹೊಡೆದಿಟ್ಟುಕೊಳ್ಳುವ ಕ್ರಮವು ನೇರ ಭಾಗಕ್ಕೆ ಒಳ್ಳೆಯದು, ಮೂಲೆಗೆ ಅಲ್ಲ. ಏಕೆಂದರೆ ಚಪ್ಪಟೆಯಾಗಿದ್ದಾಗ ಸಮ ಅಂತರದಲ್ಲಿ ಹೊಡೆದ ತೂತುಗಳು ಪಟ್ಟಿ ಹಿಗ್ಗಿದ ಮೇಲೆ ದೂರ ಸರಿದು, ಮುಂಭಾಗದ ತೂತುಗಳೊಂದಿಗೆ ಲೆಕ್ಕ ತಪ್ಪಿಸಿಕೊಳ್ಳುತ್ತವೆ. ಹಾಗಾಗಿ ತಳದ ನಡುಬಿಂದುವನ್ನು ಎರಡರಲ್ಲೂ ಗುರುತಿಸಿ, ಅಲ್ಲಿಂದ ಎರಡೂ ಕಡೆಗೆ ಅಂಟಿಸುತ್ತ ಹೋಗಿ, ಮುಂಭಾಗದಲ್ಲಿ ಮಾತ್ರ ಗುರುತು ಒತ್ತಿ, ಮೂಲೆಗಳಲ್ಲಿ ಕೈಯುಳಿಯಿಂದ ಒಂದೊಂದೇ ತೂತನ್ನು ಎರಡೂ ಪದರಗಳ ಮೂಲಕ ಚುಚ್ಚುವುದು ಉತ್ತಮ. ಮಡಿಪು ಹೊರಕ್ಕೆ ಚಾಚಿರುವುದರಿಂದ ಚೀಲದ ಎರಡನೆಯ ಬದಿಯನ್ನು ಹೊಲಿಯುವಾಗಲೂ ಸೂಜಿ ಚೀಲದ ಒಳಗೆ ಹೋಗಬೇಕಾಗಿಲ್ಲ. ಇದು ಸುತ್ತುಪಟ್ಟಿಯ ದೊಡ್ಡ ಅನುಕೂಲ. ಹೊಸದಾಗಿ ಕಲಿಯುವವರಿಗೆ ನಾನು ಇದನ್ನೇ ಹೇಳುವುದಕ್ಕೆ ಇದೇ ಕಾರಣ.

ಎರಡನೆಯದು ಪಕ್ಕೆ ತುಂಡಿನ ಗಸೆಟ್. ಇಲ್ಲಿ ಮುಂಭಾಗ, ತಳ, ಹಿಂಭಾಗ ಮೂರೂ ಒಂದೇ ಚರ್ಮ. ಅದು ಕೆಳಗೆ ತಿರುಗಿ ಮೇಲೇರುತ್ತದೆ, ಎಡಬಲಗಳಲ್ಲಿ ನಾಲಿಗೆಯಾಕಾರದ ಎರಡು ತುಂಡುಗಳು ಬಾಯನ್ನು ಬಿಟ್ಟು ಉಳಿದದ್ದನ್ನು ಮುಚ್ಚುತ್ತವೆ. ಸುತ್ತುಪಟ್ಟಿಯಲ್ಲಿ ಮೂಲೆಗೆ ಚರ್ಮ ಸಾಲದಿದ್ದರೆ ಇಲ್ಲಿ ಅದೇ 9.4 ಮಿ.ಮೀ. ಹೆಚ್ಚಾಗಿ ಉಳಿಯುತ್ತದೆ. ನಾಲಿಗೆಯ ದುಂಡು ಅಂಚನ್ನು ಮುಖಕ್ಕೆ ಲಂಬವಾಗಿ ಮಡಿಚಿದಾಗ ದೊಡ್ಡ ಕಮಾನಿನಲ್ಲಿದ್ದ ಚರ್ಮ ಚಿಕ್ಕ ಕಮಾನಿನೊಳಗೆ ಕುಗ್ಗಿ ಕೂರಬೇಕು. 6 ಸೆಂ.ಮೀ. ಅಗಲದ ನಾಲಿಗೆಯ ತಳ ಪೂರ್ತಿ ಅರ್ಧವೃತ್ತವಾಗಿದ್ದರೆ ಸುಮಾರು 19 ಮಿ.ಮೀ. ಚರ್ಮ 94 ಮಿ.ಮೀ. ಉದ್ದದಲ್ಲಿ ಅಡಗಬೇಕಾಗುತ್ತದೆ. ಹಿಗ್ಗಿಸುವುದಕ್ಕಿಂತ ಕುಗ್ಗಿಸುವುದು ಹೆಚ್ಚು ತಾಳ್ಮೆಯ ಕೆಲಸ. ಬರಿಯ ಕೈಯಿಂದ ಮಡಿಚಿದರೆ ಹಲ್ಲುಹಲ್ಲಾಗಿ ನೆರಿಗೆ ಬೀಳುತ್ತದೆ. ನಾಲಿಗೆಯ ಆಕಾರದ ಪ್ಲೈವುಡ್ ಅಚ್ಚು, ಅದರ ಸುತ್ತ ಚರ್ಮದ ದಪ್ಪದಷ್ಟೇ ಸಂದು ಬಿಟ್ಟು ಕೂರುವ ಚೌಕಟ್ಟು, ಇವೆರಡನ್ನೂ ಮಾಡಿಕೊಳ್ಳಲೇಬೇಕು. ಮಡಿಪಿನ ಭಾಗವನ್ನು ರಂಪಿಗೆಯಿಂದ 0.8 ಮಿ.ಮೀ.ಗೆ ಇಳಿಸಿ, ಚೆನ್ನಾಗಿ ನೆನೆಸಿ, ಅಚ್ಚಿನ ಮೇಲೆಳೆದು, ಕೊಂಬಿನ ಅಥವಾ ಮೂಳೆಯ ಕಡ್ಡಿಯಿಂದ ನೆರಿಗೆಗಳನ್ನು ಒಂದೊಂದಾಗಿ ಒತ್ತಿ ಮಲಗಿಸಿ, ಚೌಕಟ್ಟಿನೊಳಗೆ ಬಿಗಿದು ಪೂರ್ತಿ ಒಣಗಲು ಬಿಡಬೇಕು. ಮಳೆಗಾಲದಲ್ಲಿ ಇದು ನಿಧಾನ. ಅರೆ ಒಣಗಿದ್ದನ್ನು ಬಿಚ್ಚಿದರೆ ಮಡಿಪು ಮತ್ತೆ ತೆರೆದುಕೊಳ್ಳುತ್ತದೆ.

ಇಷ್ಟೆಲ್ಲ ತೊಂದರೆಗೆ ಸಿಗುವ ಪ್ರತಿಫಲವೂ ಇದೆ. ಒಂದು ಬದಿಯ ಹೊಲಿಗೆ 39 ಸೆಂ.ಮೀ.ಗೆ ಇಳಿಯುತ್ತದೆ, ಎರಡೂ ಬದಿ ಸೇರಿ ಸುತ್ತುಪಟ್ಟಿಗಿಂತ ಸುಮಾರು ಶೇ 30ರಷ್ಟು ಕಡಿಮೆ. ತಳದಲ್ಲಿ ಅಗಲಕ್ಕೆ ಎಲ್ಲಿಯೂ ಹೊಲಿಗೆಯೇ ಇಲ್ಲದಿರುವುದರಿಂದ ಚೀಲದೊಳಗಿನ ಭಾರವನ್ನು ಹೊರುವುದು ಚರ್ಮ, ದಾರವಲ್ಲ. ಪುಸ್ತಕ, ನೀರಿನ ಬಾಟಲಿ ಹೊತ್ತು ತಿರುಗುವವರಿಗೆ ಇದು ಸಣ್ಣ ಮಾತಲ್ಲ. ಕೊರತೆಯೆಂದರೆ, ಅರ್ಧವೃತ್ತದ ತಳವಿರುವ ಚೀಲವನ್ನು ಮೇಜಿನ ಮೇಲೆ ನಿಲ್ಲಿಸಲಾಗುವುದಿಲ್ಲ. ನಿಲ್ಲಲೆಂದು ತಳವನ್ನು ಚಪ್ಪಟೆ ಮಾಡಿ ಎರಡು ಚಿಕ್ಕ ಮೂಲೆಗಳನ್ನು ಕೊಟ್ಟರೆ ನೆರಿಗೆಯ ಹಿಂಸೆ ಇಮ್ಮಡಿಯಾಗುತ್ತದೆ. ಹೊಲಿಯುವಾಗಲೂ, ಒಳಸರಿದ ಆ 6 ಸೆಂ.ಮೀ. ಅಗಲದ ತೊಟ್ಟಿಯೊಳಗೆ ಬೆರಳು ಮತ್ತು ಸೂಜಿಗಳು ಒಟ್ಟಿಗೆ ಹಿಡಿಯುವುದಿಲ್ಲ. ಹಿಂದೆ ಬಿರಡೆಯ ತುಂಡೊಂದನ್ನು ಆನಿಸಿಕೊಂಡು ಕೈಯುಳಿಯನ್ನು ಚುಚ್ಚಬೇಕು, ಇಲ್ಲವಾದರೆ ತೂತು ಓರೆಯಾಗಿ ಹಿಂಬದಿಯ ಹೊಲಿಗೆಯ ಸಾಲು ಕುಣಿಯುತ್ತದೆ.

ಇವೆರಡರ ನಡುವಿನ ಆಯ್ಕೆಯನ್ನು ನಾನು ಈಗ ಮಾಡುವುದು ಹೆಗಲಪಟ್ಟಿ ಎಲ್ಲಿ ಸೇರುತ್ತದೆ ಎಂಬುದನ್ನು ನೋಡಿ. ಹೆಗಲಪಟ್ಟಿಯನ್ನು ಗಸೆಟ್‌ನ ಮೇಲ್ತುದಿಗೆ ರಿವಿಟ್ ಮಾಡುವುದಾದರೆ ಸುತ್ತುಪಟ್ಟಿಯೇ ಸರಿ. ಆಗ ಒಂದು ಹೆಗಲ ಕೊಂಡಿಯಿಂದ ತಳದ ಮೂಲಕ ಇನ್ನೊಂದು ಕೊಂಡಿಯವರೆಗೆ ಒಂದೇ ಚರ್ಮ ಹರಿದಿರುತ್ತದೆ, ಚೀಲ ಆ ತೊಟ್ಟಿಲಲ್ಲಿ ಕೂತಂತಿರುತ್ತದೆ. ಪಕ್ಕೆ ತುಂಡಿಗೆ ಹೆಗಲಪಟ್ಟಿ ಹಾಕಿದರೆ ಪೂರ್ತಿ ಭಾರ ಪಕ್ಕದ ಹೊಲಿಗೆಯ ಮೇಲೆ ಬಿದ್ದು, ಬಾಯಂಚಿನ ಮೊದಲ ಕೆಲವು ಹೊಲಿಗೆಗಳು ಬಾಯ್ಬಿಡುತ್ತವೆ. ಅಲ್ಲಿ ಎರಡು ಹೊಲಿಗೆ ಹಿಂದಕ್ಕೆ ಹಾಕಿ ಬಿಗಿದರೂ ಅದು ತಾತ್ಕಾಲಿಕ. ಹಿಂಭಾಗಕ್ಕೆ ಕೊಂಡಿ ಹೊಲಿಯುವ ವಿನ್ಯಾಸವಾದರೆ ಮಾತ್ರ ಪಕ್ಕೆ ತುಂಡು ತನ್ನ ಬಲವನ್ನು ತೋರಿಸುತ್ತದೆ.

ಒಳಮಗುಚಿ ಹೊಲಿಯುವ ಗಸೆಟ್ ಈ ಚರ್ಮಕ್ಕೆ ಹೇಳಿದ್ದಲ್ಲ. ಒಳಮೈ ಹೊರಗಾಗಿರುವಾಗ ಹೊಲಿದು, ಆಮೇಲೆ ಚೀಲವನ್ನೇ ತಿರುವಿ ಹಾಕಬೇಕಾದ್ದರಿಂದ, ತೊಗಟೆ ಹದದ ಗಟ್ಟಿ ಚರ್ಮದ ಮೇಲೆ ಮಾಯದ ಗೀರುಗಳು ಉಳಿಯುತ್ತವೆ. ಕ್ರೋಮ್ ಹದದ, ಅಂದರೆ ತೊಗಟೆಯ ಬದಲು ಕ್ರೋಮಿಯಂ ಲವಣದಿಂದ ಹದ ಮಾಡಿದ, 1.2 ಮಿ.ಮೀ. ಮೆತ್ತನೆಯ ಚರ್ಮದಲ್ಲಿ ಮಾಡಿದಾಗ ಚೆನ್ನಾಗಿಯೇ ಬಂದಿತು: ಮೂಲೆಯಲ್ಲಿ ಪಟ್ಟಿಯ ಅಂಚಿಗೆ ಹೊಲಿಗೆಯ ಗೆರೆಗೆ 2 ಮಿ.ಮೀ. ಬಾಕಿ ಉಳಿಯುವಂತೆ ಸೀಳುಗಳನ್ನು ಕೊಟ್ಟರೆ ಅಂಚು ತೆರೆದುಕೊಂಡು ತಿರುಗುತ್ತದೆ, ಹಿಗ್ಗಿಸುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಸಾಲು ಹೊಲಿಗೆಯ ಚೆಲುವೆಲ್ಲ ಒಳಗೆ ಮುಚ್ಚಿಹೋಗುವಾಗ ಅದನ್ನು ಕೈಯಲ್ಲಿ ಹೊಲಿಯುವ ಶ್ರಮ ಏಕೆ ಎಂದು ನನಗೆ ಅನಿಸುತ್ತದೆ. ಅದು ಯಂತ್ರಕ್ಕೆ ಒಪ್ಪುವ ಕೆಲಸ.

ಹಾರ್ಮೋನಿಯಂ ತಿದಿಯಂತೆ ಮಡಿಚುವ ಗಸೆಟ್‌ನಲ್ಲಿ ಮೂಲೆಯೇ ಇಲ್ಲ. 0.8 ಮಿ.ಮೀ.ನ ಮೇಕೆ ಚರ್ಮದ ಮಡಿಕೆಗಳು ಕೆಳಗೆ ಸೊನ್ನೆಗೆ ಸೇರುವುದರಿಂದ ಹೊಲಿಗೆ ನೇರ ಗೆರೆಯಲ್ಲೇ ಮುಗಿಯುತ್ತದೆ. ಕಾಗದಪತ್ರ, ನೋಟು, ಕಾರ್ಡುಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ, ತಳದಲ್ಲಿ ದಪ್ಪ ವಸ್ತು ಕೂರಬೇಕಾದ ಚೀಲಕ್ಕೆ ಇದು ಆಗದು. ಇದಕ್ಕೆ ಪೂರ್ತಿ ವಿರುದ್ಧವಾದದ್ದು ಪೆಟ್ಟಿಗೆ ಹೊಲಿಗೆ: ಮಡಿಪೇ ಇಲ್ಲದೆ ಎರಡು ದಪ್ಪ ಚರ್ಮಗಳ ಅಂಚುಗಳನ್ನು ಲಂಬವಾಗಿ ಜೋಡಿಸಿ, ಕೈಯುಳಿ ಒಂದರ ಮೇಲ್ಮೈಯಿಂದ ಹೊಕ್ಕು ಇನ್ನೊಂದರ ಅಂಚಿನ ದಪ್ಪದೊಳಗೆ ಓರೆಯಾಗಿ ದಾಟುವಂತೆ ಚುಚ್ಚಬೇಕು. ಚೂಪಾದ ಚೌಕ ಮೂಲೆ ಬೇಕೆಂದರೆ ಇದೊಂದೇ ದಾರಿ. ಆದರೆ 3 ಮಿ.ಮೀ.ಗಿಂತ ತೆಳುವಾದ ಚರ್ಮದಲ್ಲಿ ದಾರವನ್ನು ಬಿಗಿಯುವಾಗ ತೂತಿನಿಂದ ಅಂಚಿನವರೆಗಿನ ಚರ್ಮವೇ ಹರಿದು ಬರುತ್ತದೆ.