ನಾಲ್ಕು ವರ್ಷದ ಫೀ ಒಂದೇ ಸಲ ಕೇಳುವ ಕಾಲೇಜಿನಿಂದ ದೂರ ಇರಿ

ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಇಂಜಿನಿಯರಿಂಗ್ ಸೀಟಿಗಾಗಿ ಓಡಾಡುತ್ತಿರುವ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. "ನಾಲ್ಕೂ ವರ್ಷದ್ದು ಒಟ್ಟಿಗೆ ಕಟ್ಟಿದ್ರೆ ಎರಡು ಲಕ್ಷ ಬಿಡ್ತೀವಿ ಸರ್" ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಕಾಫಿ ಕೊಟ್ಟಿದ್ದರೆ ಅದನ್ನೂ ಅಲ್ಲೇ ಬಿಟ್ಟು ಬನ್ನಿ. ಅದು ನಿಮಗೆ ಕೊಡುತ್ತಿರುವ ರಿಯಾಯಿತಿ ಅಲ್ಲ. ಕಾಲೇಜು ನಿಮ್ಮ ಹತ್ತಿರ ಸಾಲ ಕೇಳುತ್ತಿದೆ.

ಕಾಲೇಜಿನ ಹೆಸರು ಹಾಕುವುದಿಲ್ಲ, ಲಾಯರ್ ಬೇಡ ಅಂದಿದ್ದಾರೆ. ಬೆಂಗಳೂರಿನ ಹೊರವಲಯ, ಹೆದ್ದಾರಿ ಪಕ್ಕ, ದೊಡ್ಡ ಕಮಾನು. ಇಂಥವು ಇನ್ನೂ ಎಷ್ಟೋ ಇವೆ, ಹಾಗಾಗಿ ಹೆಸರಿಗಿಂತ ಅವರ ವರಸೆ ಗೊತ್ತಿರಲಿ.

ಸೀಟು ನಮ್ಮ ಅಕ್ಕನ ಮಗಳದು. ದುಡ್ಡು ಭಾವ ತೀರಿಕೊಂಡ ಮೇಲೆ ಕಂಪನಿಯಿಂದ ಬಂದದ್ದು. ನಾನು ತಿಪಟೂರಿನ ಕಡೆ ಒಂದು ಪತ್ತಿನ ಸಹಕಾರ ಸಂಘದಲ್ಲಿ ಸಾಲದ ಅರ್ಜಿ ನೋಡುವ ಕೆಲಸದಲ್ಲಿದ್ದೇನೆ. ನಮ್ಮ ಮನೆ ಕಡೆ ನನಗೆ ಲೆಕ್ಕದವನು ಅಂತಲೇ ಹೆಸರು. ಅದಕ್ಕೇ ಅಕ್ಕ ನನ್ನನ್ನು ಜೊತೆಗೆ ಕರೆದುಕೊಂಡು ಹೋದದ್ದು. ಈಗ ಯಾವುದಾದರೂ ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲಿ "ಏನಪ್ಪಾ, ಕಾಲೇಜಿನ ಲೆಕ್ಕ ಏನಾಯ್ತು?" ಅಂತ ಕೇಳುತ್ತಾರೆ. ಪಕ್ಕದಲ್ಲಿ ಅಕ್ಕ ಕೂತಿರುತ್ತಾಳೆ. ಏನಂತ ಹೇಳೋದು?

2023ರಲ್ಲಿ ಹುಡುಗಿಗೆ ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ. ಸಿವಿಲ್ ಬಂತು, ಬೇಡ ಅಂದಳು. ಅವಳನ್ನು ನಾನು ದೂರುವುದಿಲ್ಲ. ಮ್ಯಾನೇಜ್‌ಮೆಂಟ್ ಸೀಟಿಗೆ ಈ ಕಾಲೇಜಿನವರು ವರ್ಷಕ್ಕೆ ಎರಡೂಕಾಲು ಲಕ್ಷ ಅಂದರು. ನಾಲ್ಕು ವರ್ಷಕ್ಕೆ 9 ಲಕ್ಷ. ಒಟ್ಟಿಗೆ ಕಟ್ಟಿದರೆ 7 ಲಕ್ಷ. ಅಡ್ಮಿಷನ್ ಆಫೀಸಿನ ಮೇಡಂ ಕ್ಯಾಲ್ಕುಲೇಟರನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. "ಇವತ್ತು ಸಂಜೆವರೆಗೆ ಮಾತ್ರ ಸರ್, ಚೇರ್ಮನ್ ಅವರೇ ಸ್ಪೆಷಲ್ಲಾಗಿ ಓಕೆ ಮಾಡಿದ್ದಾರೆ. ಮುಂದಿನ ವರ್ಷ ಫೀ ಜಾಸ್ತಿ ಆಗುತ್ತೆ, ನಿಮಗೆ ಮಾತ್ರ ಇದೇ ರೇಟು." ಆಮೇಲೆ ಅಕ್ಕನ ಕಡೆ ತಿರುಗಿ, "80ಜಿ ರಸೀದಿ ಕೊಡ್ತೀವಿ ಅಮ್ಮ, ಟ್ಯಾಕ್ಸೂ ಉಳಿಯುತ್ತೆ" ಅಂದರು. 80ಜಿ ಅಂದರೆ ದೇಣಿಗೆ ಕೊಟ್ಟವರಿಗೆ ಸಿಗುವ ತೆರಿಗೆ ರಿಯಾಯಿತಿ. ಅಕ್ಕನಿಗೆ ತಿಂಗಳ ಪಿಂಚಣಿ ಬಿಟ್ಟರೆ ಬೇರೆ ಆದಾಯ ಇಲ್ಲ. ಯಾವ ಟ್ಯಾಕ್ಸ್ ಉಳಿಸೋದು?

ಐದೂವರೆ ಲಕ್ಷ ಆರ್‌ಟಿಜಿಎಸ್ ಮಾಡಿದೆವು. ಒಂದೂವರೆ ಲಕ್ಷ ಕ್ಯಾಶ್ ಬೇಕು ಅಂದರು. ಕ್ಯಾಶಿಗೆ ಒಂದು ಚೀಟಿ ಕೊಟ್ಟರು, ರಸೀದಿ ಅಲ್ಲ, ಚೀಟಿ.

ಈಗ ಈ ರಸೀದಿ ವಿಷಯ ಸರಿಯಾಗಿ ಕೇಳಿ. ಕಾಲೇಜಿನ ಹೆಸರಿನಲ್ಲಿ ಒಂದು ಬಿಳಿ ರಸೀದಿ: ಮೊದಲ ವರ್ಷದ ಟ್ಯೂಷನ್ ಫೀ 90 ಸಾವಿರ. ಇನ್ನೊಂದು ಗುಲಾಬಿ ಬಣ್ಣದ್ದು, ಟ್ರಸ್ಟ್ ಹೆಸರಿನಲ್ಲಿ: 4 ಲಕ್ಷ 60 ಸಾವಿರ. ಅದರಲ್ಲಿ ಹುಡುಗಿಯ ಹೆಸರಿಲ್ಲ, ಬ್ರಾಂಚ್ ಇಲ್ಲ, ಫೀ ಅನ್ನುವ ಪದವೇ ಇಲ್ಲ. ಅಕ್ಕನ ಹೆಸರು, ಅದರ ಮುಂದೆ "ಕಾರ್ಪಸ್ ಫಂಡಿಗೆ ಸ್ವಇಚ್ಛೆಯಿಂದ ಕೊಟ್ಟ ದೇಣಿಗೆ" ಅಂತ ಮುದ್ರಿಸಿತ್ತು. ಕಾರ್ಪಸ್ ಅಂದರೆ ಟ್ರಸ್ಟಿನ ಮೂಲನಿಧಿ. ನಾನು ಅಲ್ಲೇ ಕೇಳಿದೆ. "ಅದು ಆಡಿಟ್‌ಗೆ ಹಾಗೆ ಬರೀತೀವಿ ಸರ್, ಎಲ್ಲಾ ಕಾಲೇಜಲ್ಲೂ ಇದೇ ಪದ್ಧತಿ. ನಿಮಗೆ ಅನುಮಾನ ಇದ್ರೆ ಇಲ್ಲಿ ನೋಡಿ" ಅಂತ ಹೇಳಿ, ರಸೀದಿಯ ಹಿಂದೆ "ನಾಲ್ಕು ವರ್ಷ ಪೂರ್ತಿ ಪಾವತಿ" ಅಂತ ಬರೆದು ಚಿಕ್ಕ ಸಹಿ ಹಾಕಿದರು. ಪೆನ್ಸಿಲ್‌ನಲ್ಲಿ. ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್.

ಮೊದಲ ವರ್ಷ ಹೇಗೋ ನಡೆಯಿತು. ಎರಡನೇ ವರ್ಷ ಒಬ್ಬೊಬ್ಬರೇ ಮೇಷ್ಟ್ರು ಬಿಟ್ಟುಹೋದರು. ಡೇಟಾ ಸ್ಟ್ರಕ್ಚರ್ಸ್ ಶುರು ಮಾಡಿದವರು ಒಬ್ಬರು, ಮುಗಿಸಿದವರು ಇನ್ನೊಬ್ಬರು. ಎರಡು ಬಸ್ ರೂಟು ನಿಂತವು. ವಿಶ್ವವಿದ್ಯಾಲಯದ ತಪಾಸಣೆ ತಂಡ ಬರುವ ದಿನ ಮಾತ್ರ ಲ್ಯಾಬ್ ತುಂಬ ಕಂಪ್ಯೂಟರ್, ಹುಡುಗಿ ಎಂದೂ ನೋಡಿರದ ಮೇಷ್ಟ್ರುಗಳು. ಮಾರನೇ ದಿನ ಅವರೂ ಇಲ್ಲ, ಕಂಪ್ಯೂಟರೂ ಇಲ್ಲ. "ಮಾವ, ಬಾಡಿಗೆಗೆ ತಂದಿದ್ರಂತೆ" ಅಂತ ಫೋನಿನಲ್ಲಿ ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ.

ಮೂರನೇ ವರ್ಷದ ಶುರುವಿನಲ್ಲಿ, 2025ರಲ್ಲಿ, ಹುಡುಗಿಗೆ ಮೆಸೇಜ್ ಬಂತು. ಫೀ ಬಾಕಿ ಇದೆ, ಕಟ್ಟದಿದ್ದರೆ ಪರೀಕ್ಷೆ ಫಾರಂ ಕಳಿಸುವುದಿಲ್ಲ. ಏನೋ ತಪ್ಪಾಗಿದೆ ಅಂದುಕೊಂಡು ರಸೀದಿ ಹಿಡಿದುಕೊಂಡು ಹೋದೆ. ಕೌಂಟರಿನಲ್ಲಿ ಹೊಸ ಹುಡುಗ. ಗುಲಾಬಿ ರಸೀದಿ ಓದಿದ. "ಇದು ಫೀ ಅಲ್ಲ ಸರ್, ಡೊನೇಷನ್." ಹಿಂದೆ ತಿರುಗಿಸಿ ನೋಡಪ್ಪ ಅಂದೆ. ತಿರುಗಿಸಿದ. ಎರಡು ವರ್ಷದಲ್ಲಿ ಆ ಬರಹ ಅರ್ಧ ಮಾಸಿತ್ತು. ಅವನು ಹೆಬ್ಬೆರಳಿನಲ್ಲಿ ಸುಮ್ನೆ ಒಂದು ಸಲ ಉಜ್ಜಿದ. ಬೆರಳಿಗೆ ಕಪ್ಪು ಅಂಟಿತು. "ಪೆನ್ಸಿಲ್ ಅಲ್ವಾ ಸರ್ ಇದು" ಅಂದ. ಬೈಯುವ ದನಿಯಲ್ಲೂ ಅಲ್ಲ, ಪಾಪ ಅನ್ನುವ ದನಿಯಲ್ಲಿ. ಹಿಂದೆ ಸಾಲಿನಲ್ಲಿ ಇದ್ದವರೆಲ್ಲ ನೋಡುತ್ತಿದ್ದರು. ದಿನಾ ಬೇರೆಯವರ ಕಾಗದದಲ್ಲಿ ತಪ್ಪು ಹುಡುಕುವವನು ನಾನು, ಅಲ್ಲಿ ಪೆನ್ಸಿಲ್ ಚೀಟಿ ಹಿಡಿದುಕೊಂಡು ನಿಂತಿದ್ದೆ.

ಒಳಗೆ ಕಾರ್ಯದರ್ಶಿ ಹತ್ತಿರ ಕಳಿಸಿದರು. ಆ ಮಾತುಕತೆ ಹಾಗೇ ಬರೆಯುತ್ತೇನೆ, ನಿಮಗೂ ಇದೇ ಉತ್ತರ ಬರುತ್ತದೆ.

"ಮ್ಯಾನೇಜ್‌ಮೆಂಟ್ ಬದಲಾಗಿದೆ ಸರ್. ಹಳೇ ಚೇರ್ಮನ್‌ನ ಕೇಳಿ."

"ಟ್ರಸ್ಟ್ ಅದೇ ಅಲ್ವಾ? ರಿಜಿಸ್ಟ್ರೇಷನ್ ನಂಬರ್ ಅದೇ ಇದೆ."

"ಟ್ರಸ್ಟಿಗಳು ಬೇರೆ."

"ದುಡ್ಡು ಹೋಗಿದ್ದು ಟ್ರಸ್ಟ್ ಖಾತೆಗೆ. ಬ್ಯಾಂಕ್ ಸ್ಟೇಟ್‌ಮೆಂಟ್ ತಂದಿದ್ದೀನಿ."

"ಹೋಗಿದೆ, ಇಲ್ಲ ಅಂತ ಯಾರು ಅಂದ್ರು? ದೇಣಿಗೆ ಅಂತ ಹೋಗಿದೆ. ದೇವಸ್ಥಾನದ ಹುಂಡಿಗೆ ಹಾಕಿದ ದುಡ್ಡು ವಾಪಸ್ ಕೇಳ್ತೀರಾ ಸರ್?"

ಹುಂಡಿ ಅಂತೆ! ಗಂಡ ಸತ್ತ ಹೆಂಗಸಿನ ದುಡ್ಡು. ಹುಂಡಿ ಅಂತೆ. ಸರಿ, ದೇವರೇ, ಟಿಸಿ ಕೊಡಿ, ಬೇರೆ ಕಾಲೇಜಿಗೆ ಸೇರಿಸುತ್ತೇವೆ ಅಂದೆ. ಕಾಲೇಜು ಬದಲಾವಣೆಗೆ ಎರಡೂ ಕಡೆಯ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು. ಅದಕ್ಕೆ ಅವರ ಉತ್ತರ: "ಬಾಕಿ ಕ್ಲಿಯರ್ ಮಾಡಿ, ಎನ್‌ಒಸಿ ತಗೊಳ್ಳಿ." ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಅಂಕಪಟ್ಟಿಗಳೂ ಅವರ ಬೀರುವಿನಲ್ಲೇ ಇವೆ. ಮೂಲ ದಾಖಲೆ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಉನ್ನತ ಶಿಕ್ಷಣ ನೋಡಿಕೊಳ್ಳುವ ಯುಜಿಸಿ 2018ರಲ್ಲೇ ಹೇಳಿದೆ. ಅದನ್ನು ಪ್ರಿಂಟ್ ತೆಗೆದು ಮುಂದಿಟ್ಟೆ. "ಯುಜಿಸಿ ಯುನಿವರ್ಸಿಟಿಗಳಿಗೆ ಸರ್, ನಮಗೆ ಎಐಸಿಟಿಇ" ಅಂದರು. ತಾಂತ್ರಿಕ ಕಾಲೇಜುಗಳನ್ನು ನೋಡಿಕೊಳ್ಳುವ ಆ ಎಐಸಿಟಿಇ ನಿಯಮವೂ ಅದೇ ಅಂದರೆ, "ಮೇಲಿನವರ ಹತ್ತಿರ ಮಾತಾಡಿ ಹೇಳ್ತೀವಿ." ಆ ಮೇಲಿನವರು ಯಾರು ಅಂತ ಈವರೆಗೆ ಗೊತ್ತಾಗಿಲ್ಲ. ಹಳೇ ಚೇರ್ಮನ್ ಒಮ್ಮೆ ಫೋನ್ ಎತ್ತಿದರು. "ನನಗೆ ಹುಷಾರಿಲ್ಲ, ನಾನು ಟ್ರಸ್ಟ್ ಬಿಟ್ಟಾಯ್ತು" ಅಂತ ಇಟ್ಟುಬಿಟ್ಟರು.

ನಿಜ ಗೊತ್ತಾಗಿದ್ದು ಗೇಟಿನ ಮುಂದಿನ ಜೆರಾಕ್ಸ್ ಅಂಗಡಿಯಲ್ಲಿ. ಅಂಗಡಿಯವರು ಸಾಲದ ಪುಸ್ತಕ ತೆಗೆದು ತೋರಿಸಿದರು. ಪುಟಗಟ್ಟಲೆ ಕಾಲೇಜಿನ ಆಫೀಸ್ ಲೆಕ್ಕವೇ. "ಕಾಗದಕ್ಕೂ ದುಡ್ಡಿಲ್ಲ ಸಾರ್ ಅವ್ರತ್ರ. ಮೇಷ್ಟ್ರುಗಳಿಗೆ ನಾಕ್ ತಿಂಗ್ಳಿಂದ ಸಂಬಳ ಇಲ್ಲ. ಬ್ಯಾಂಕಿನೋರು ಬಂದು ಗೇಟಿಗೆ ನೋಟಿಸ್ ಅಂಟಿಸಿದ್ರು, ರಾತ್ರಿನೇ ಕಿತ್ತಾಕಿದ್ರು." ಕಟ್ಟಡ ಕಟ್ಟೋಕೆ ತೆಗೆದ ಸಾಲ. ಸರ್ಫೇಸಿ (ಸಾಲ ಕಟ್ಟದವರ ಆಸ್ತಿ ವಶಪಡಿಸಿಕೊಳ್ಳುವ) ಕಾಯ್ದೆಯಲ್ಲಿ ಬ್ಯಾಂಕು ಮೊದಲು 60 ದಿನದ ನೋಟಿಸ್ ಕೊಡುತ್ತದೆ, ಕಟ್ಟದಿದ್ದರೆ ಸ್ವಾಧೀನದ ಪ್ರಕಟಣೆಯನ್ನು ಎರಡು ಪತ್ರಿಕೆಗಳಲ್ಲಿ ಹಾಕಿಸುತ್ತದೆ, ಒಂದು ಸ್ಥಳೀಯ ಭಾಷೆಯದ್ದೇ ಆಗಿರಬೇಕು. ಅಂದರೆ ಗೇಟಿನಲ್ಲಿ ಕಿತ್ತುಹಾಕಿದರೂ ಪೇಪರಿನಲ್ಲಿ ಕಿತ್ತುಹಾಕೋಕೆ ಆಗಲ್ಲ.

ಈ ಕಾಲೇಜುಗಳಿಗೆ ಯಾಕೆ ಹೀಗಾಯಿತು ಅಂತ ಕೇಳುತ್ತೀರಾ? ಇವರ ಆದಾಯ ಅಂದರೆ ಫೀ, ಅಷ್ಟೇ. ಒಂದು ವರ್ಷ 60 ಸೀಟಿನಲ್ಲಿ 15 ತುಂಬಿದರೆ ಆ ಖಾಲಿ ನಾಲ್ಕು ವರ್ಷ ಹಾಗೇ ಮುಂದಕ್ಕೆ ಹೋಗುತ್ತದೆ. ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಬರುವವರಿಂದ ಸ್ವಲ್ಪ ತುಂಬಬಹುದು. ಸಿವಿಲ್, ಮೆಕ್ಯಾನಿಕಲ್ ಮೊದಲೇ ಖಾಲಿ ಹೊಡೆಯುತ್ತಿದ್ದವು, ಕಂಪ್ಯೂಟರ್ ಸೈನ್ಸಿನಿಂದಲೇ ಬಾಗಿಲು ತೆರೆದಿತ್ತು. ಮೊದಲು ಒಂದು ಬ್ರಾಂಚಿಗೆ 240 ಸೀಟಿನ ಮಿತಿ ಇತ್ತು. 2024-25ರಿಂದ ಎಐಸಿಟಿಇ ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಆ ಮಿತಿ ತೆಗೆದುಹಾಕಿತು. ಹೆಸರಿರುವ ದೊಡ್ಡ ಕಾಲೇಜು ಕಂಪ್ಯೂಟರ್ ಸೈನ್ಸ್ ಸೀಟು ಜಾಸ್ತಿ ಮಾಡಿದರೆ ಹೆದ್ದಾರಿ ಪಕ್ಕದ ಕಾಲೇಜಿಗೆ ಯಾರು ಬರುತ್ತಾರೆ? ನಾವಾದರೂ ಅಲ್ಲಿ ಸಿಕ್ಕಿದ್ದರೆ ಇಲ್ಲಿಗೆ ಬರುತ್ತಿದ್ದೆವಾ? ಸಂಬಳ ಯಾಕೆ ಕೊಟ್ಟಿಲ್ಲ ಅಂತ ಕೇಳಿದರೆ ಕಾರ್ಯದರ್ಶಿ ಸರ್ಕಾರದಿಂದ ಸ್ಕಾಲರ್‌ಶಿಪ್ ದುಡ್ಡು ಬಂದಿಲ್ಲ ಅನ್ನುತ್ತಾರೆ. ಅದರಲ್ಲಿ ಅರ್ಧ ನಿಜವೂ ಇರಬಹುದು. ನಮ್ಮ 7 ಲಕ್ಷ ಬಂದಿತ್ತಲ್ಲ, ಅದೇನಾಯ್ತು?

ಹಾಗೆ ಕೈ ಖಾಲಿ ಆದವರು ಬ್ಯಾಂಕಿನ ಕಂತು ಕಟ್ಟೋಕೆ ನಮ್ಮ ಹತ್ತಿರ ಬರುತ್ತಾರೆ. ನಮ್ಮ ಸಂಘದಲ್ಲಿ 50 ಸಾವಿರ ಸಾಲ ಬೇಕಾದರೆ ಇಬ್ಬರು ಜಾಮೀನುದಾರರು ಬೇಕು, ಸಂಬಳದ ಚೀಟಿ ಬೇಕು. ಅಕ್ಕ ಇವರಿಗೆ ನಾಲ್ಕೂಮುಕ್ಕಾಲು ಲಕ್ಷದಷ್ಟು ಮುಂಗಡ ಕೊಟ್ಟಳು. ಬಡ್ಡಿ ಇಲ್ಲ, ಜಾಮೀನಿಲ್ಲ, ಪತ್ರ ಇಲ್ಲ. ಸಾಲ ಅಂತ ಗೊತ್ತೂ ಇಲ್ಲ.

ಇದರಲ್ಲಿ ನನಗೆ ಹೊಟ್ಟೆ ಉರಿಯೋದು ಯಾಕೆ ಅಂದರೆ, ಹೀಗೆ ಮಾಡಬಾರದು ಅಂತ ಸುಪ್ರೀಂ ಕೋರ್ಟ್ 2003ರಲ್ಲೇ ಇಸ್ಲಾಮಿಕ್ ಅಕಾಡೆಮಿ ಕೇಸಿನಲ್ಲಿ ಹೇಳಿದೆ. ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ ಫೀ ಮಾತ್ರ ತೆಗೆದುಕೊಳ್ಳಬೇಕು. ಮುಂಗಡ ತೆಗೆದುಕೊಂಡಿದ್ದರೆ ಉಳಿದದ್ದನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಫಿಕ್ಸೆಡ್ ಡಿಪಾಸಿಟ್ ಇಡಬೇಕು. ಅದಕ್ಕೇ ಇವರು ಅದನ್ನು ಫೀ ಅಂತ ಬರೆಯುವುದಿಲ್ಲ, ದೇಣಿಗೆ ಅಂತ ಬರೆಯುತ್ತಾರೆ. ಕ್ಯಾಪಿಟೇಷನ್ ಫೀ, ಅಂದರೆ ನಿಗದಿ ಫೀಗಿಂತ ಹೆಚ್ಚು ವಸೂಲಿ ಮಾಡುವುದನ್ನು, ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 1984ರಿಂದ ಇದೆ. ಅದರಿಂದ ತಪ್ಪಿಸಿಕೊಳ್ಳೋಕೂ ಇದೇ ದಾರಿ: ಸ್ವಇಚ್ಛೆ. ಸ್ವಇಚ್ಛೆ ಅಂತೆ! ಸಂಜೆ ಐದು ಗಂಟೆಯೊಳಗೆ ಬರಬೇಕಾದ ಸ್ವಇಚ್ಛೆ.

ಗ್ರಾಹಕ ನ್ಯಾಯಾಲಯಕ್ಕೆ ಹೋಗೋಣ ಅಂದರೆ ಲಾಯರ್ ತಲೆ ಆಡಿಸಿದರು. ವಿದ್ಯಾಸಂಸ್ಥೆಗಳು ಗ್ರಾಹಕ ಕಾಯ್ದೆಗೆ ಬರಲ್ಲ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ಹೇಳಿದೆಯಂತೆ. ಹಾಗಾಗಿ ಸಿವಿಲ್ ದಾವೆ, ಜೊತೆಗೆ ಎಐಸಿಟಿಇಗೆ ಮತ್ತು ವಿಶ್ವವಿದ್ಯಾಲಯಕ್ಕೆ ದೂರು. ದೂರು ಕೊಟ್ಟ ಮೇಲೆ ಪರೀಕ್ಷೆ ಫಾರಂ ಮಾತ್ರ ಕಳಿಸಿದರು. ಹುಡುಗಿ ಈಗ ಪಾಠ ಇಲ್ಲದ ಕಾಲೇಜಿನಲ್ಲಿ ಯೂಟ್ಯೂಬ್ ನೋಡಿ ಓದುತ್ತಿದ್ದಾಳೆ. "ಬಿಡಿ ಮಾವ, ಪಾಸ್ ಆಗ್ತೀನಿ" ಅನ್ನುತ್ತಾಳೆ. ಅಕ್ಕ ನನ್ನ ಮುಂದೆ ಏನೂ ಅನ್ನಲ್ಲ, ಅದೇ ಹಿಂಸೆ.

ಇನ್ನೊಂದು ಹೇಳಲೇಬೇಕು. ಆ ಅಡ್ಮಿಷನ್ ಮೇಡಂ ಈಗ ಬೇರೆ ಕಾಲೇಜಿನಲ್ಲಿದ್ದಾರೆ. ಈ ವರ್ಷ ನನಗೇ ವಾಟ್ಸಾಪ್ ಮಾಡಿದ್ದರು: "ಸರ್, ನಿಮ್ಮ ಕಡೆ ಯಾರಾದ್ರೂ ಪಿಯುಸಿ ಮುಗಿಸಿದವರು ಇದ್ರೆ ಹೇಳಿ, ಒನ್ ಟೈಮ್ ಪೇಮೆಂಟ್‌ಗೆ ಒಳ್ಳೆ ಆಫರ್ ಇದೆ." ಗುಲಾಬಿ ರಸೀದಿಯ ಫೋಟೋ ಕಳಿಸಿದೆ. ಬ್ಲಾಕ್ ಮಾಡಿದರು.

ಈಗ ಸೀಟು ನೋಡುತ್ತಿರುವವರು ಕಮಾನು, ಗಾಜಿನ ಕಟ್ಟಡ, ಪ್ಲೇಸ್‌ಮೆಂಟ್ ಬ್ಯಾನರ್ ನೋಡಬೇಡಿ. ಗೇಟಿನ ಮುಂದೆ ಟೀ ಕುಡಿಯಿರಿ, ಮೇಷ್ಟ್ರುಗಳಿಗೆ ಸಂಬಳ ಬರುತ್ತಿದೆಯಾ ಕೇಳಿ. ಸರ್ವೆ ನಂಬರ್ ಸಿಕ್ಕರೆ ಇಸಿ (ಋಣಭಾರ ಪತ್ರ) ತೆಗೆಸಿ, ಜಾಗದ ಮೇಲೆ ಸಾಲ ಇದೆಯಾ ನೋಡಿ. ಹೋದ ವರ್ಷ ಆ ಬ್ರಾಂಚಿಗೆ ನಿಜವಾಗಿ ಎಷ್ಟು ಜನ ಸೇರಿದರು ಅಂತ ಎರಡನೇ ವರ್ಷದ ಹುಡುಗರನ್ನೇ ಕೇಳಿ, ಆಫೀಸನ್ನು ಕೇಳಬೇಡಿ. ವರ್ಷದ ಫೀ ವರ್ಷಕ್ಕೆ, ಕಾಲೇಜಿನ ಖಾತೆಗೆ, ಹುಡುಗ ಹುಡುಗಿಯ ಹೆಸರಿನಲ್ಲಿ. ಇಷ್ಟಕ್ಕೆ ಒಪ್ಪದಿದ್ದರೆ ಆ ಸೀಟು ಬೇಡ.

ನಮ್ಮಂತೆ ಆಗಲೇ ಸಿಕ್ಕಿಕೊಂಡವರಿಗೆ ಒಂದು ಮಾತು. ಈಗ ಕಾಲೇಜಿನವರು ಮನೆ ಮನೆಗೆ ಫೋನ್ ಮಾಡಿ "ಒಂದು ಸಹಿ ಹಾಕಿ, ಎನ್‌ಒಸಿ ಕೊಡ್ತೀವಿ" ಅನ್ನುತ್ತಿದ್ದಾರೆ. ಆ ಕಾಗದದ ಮೂರನೇ ಸಾಲಿನಲ್ಲಿ "ಸಂಸ್ಥೆಯಿಂದ ನಮಗೆ ಯಾವುದೇ ಹಣ ಬಾಕಿ ಇಲ್ಲ" ಅಂತ ಇದೆ. ಹಾಕಬೇಡಿ. ಲಾಯರಿಗೆ ತೋರಿಸದೆ ಏನಕ್ಕೂ ಸಹಿ ಹಾಕಬೇಡಿ.