ಮೇಲಕ್ಕೆ ಸೆಟ್ಟು, ಕೆಳಕ್ಕೆ ಎರಡು ಸ್ಕ್ರೂ: ನನ್ನ ಬಾಯಲ್ಲೇ ನಡೆದ ಹೋಲಿಕೆ

ಹಲ್ಲು ಕಟ್ಟಿಸಲು ಹೊರಟವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ತೆಗೆದು ಹಾಕುವ ಸೆಟ್ಟು ಒಳ್ಳೆಯದೋ, ದವಡೆಯ ಮೂಳೆಗೆ ಸ್ಕ್ರೂ ಹಾಕಿ ಕೂರಿಸುವ ಇಂಪ್ಲಾಂಟ್ ಒಳ್ಳೆಯದೋ? ‘ಯಾವ ದವಡೆಗೆ?’ ಎಂದು ನಾನು ತಿರುಗಿ ಕೇಳುತ್ತೇನೆ. ಉತ್ತರ ಹೇಳದೆ ಜಾರಿಕೊಳ್ಳುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಆದರೆ ಹದಿಮೂರು ವರ್ಷಗಳಲ್ಲಿ ಒಂಟಿ ಇಂಪ್ಲಾಂಟ್, ಪೂರ್ತಿ ಸೆಟ್ಟು, ಇಂಪ್ಲಾಂಟಿಗೆ ಸಿಕ್ಕಿಸುವ ಸೆಟ್ಟು, ಈ ಮೂರನ್ನೂ ಬಾಯಲ್ಲಿಟ್ಟುಕೊಂಡು ನೋಡಿದ ಮೇಲೆ ನನಗೆ ಉಳಿದಿರುವುದು ಆ ಮರುಪ್ರಶ್ನೆಯೇ. (ಕಡಲೆಯ ಗಾದೆಯನ್ನು ನನ್ನ ಮುಂದೆ ಹೇಳದವರೇ ಇಲ್ಲ. ಇಲ್ಲಿ ಅದಕ್ಕೆ ರಜೆ.)

ಮೊದಲು ಒಂಟಿ ಇಂಪ್ಲಾಂಟಿನ ಕತೆ. ಐವತ್ತೊಂದನೇ ವಯಸ್ಸಿನಲ್ಲಿ ಮೇಲಿನ ಸಾಲಿನ ಒಂದು ಹಲ್ಲು ಬೇರಿನವರೆಗೂ ಸೀಳಿತು. ಅದನ್ನು ಕಿತ್ತು, ಗಾಯ ಮಾಯಲು ಬಿಟ್ಟು, ಟೈಟಾನಿಯಂ ಸ್ಕ್ರೂ ಹಾಕಿ, ಮೂಳೆ ಅದಕ್ಕೆ ಕಚ್ಚಿಕೊಳ್ಳಲಿ ಎಂದು ಆರು ತಿಂಗಳು ಕಾದು, ಆಮೇಲೆ ಕ್ಯಾಪ್ ಕೂರಿಸಿದರು. ಕೂರಿಸಿದ ವಾರದಲ್ಲೇ ಅದು ಬಾಯಲ್ಲಿದೆ ಎಂಬುದು ಮರೆತುಹೋಯಿತು. ಒಂದು ವ್ಯತ್ಯಾಸ ಮಾತ್ರ ಕೊನೆಯವರೆಗೂ ಉಳಿಯಿತು. ಸ್ವಂತ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರಿನ ನಾರಿನ ಪದರವೊಂದಿರುತ್ತದೆ. ಅಗಿಯುವಾಗ ಹದವರಿತು ಒತ್ತುವ ಸೂಕ್ಷ್ಮ ಬರುವುದು ಅದರಿಂದ. ಇಂಪ್ಲಾಂಟಿಗೆ ಆ ಪದರವಿಲ್ಲ, ಅದು ನೇರ ಮೂಳೆಗೇ ಅಂಟಿಕೊಂಡಿರುತ್ತದೆ. ಪಕ್ಕದ ಹಲ್ಲಿಗೆ ಗೊತ್ತಾಗುವ ಮರಳುಕಾಳು ಇದಕ್ಕೆ ಗೊತ್ತಾಗುವುದೇ ಇಲ್ಲ.

ದುಡ್ಡಿನ ವಿಷಯದಲ್ಲಿ ಮೊದಲ ಪೆಟ್ಟು ತಿಂದದ್ದೂ ಇಲ್ಲಿಯೇ. ‘ಇಂಪ್ಲಾಂಟಿಗೆ ಎಷ್ಟು?’ ಎಂದು ಕೇಳಿದ್ದೆ. ಅವರು ಹೇಳಿದ್ದು ಸ್ಕ್ರೂವಿನ ಬೆಲೆ. ಸ್ಕ್ರೂವಿನ ಮೇಲೆ ಕೂರುವ ಅಬಟ್‌ಮೆಂಟ್ ಬೇರೆ, ಅದರ ಮೇಲಿನ ಕ್ಯಾಪ್ ಬೇರೆ, ದವಡೆಯ ಸ್ಕ್ಯಾನ್ ಬೇರೆ, ಹಲ್ಲು ಕಿತ್ತದ್ದು ಬೇರೆ. ಅಂಗಿಯ ಬೆಲೆ ಕೇಳಿದರೆ ಗುಂಡಿಯ ಬೆಲೆ ಹೇಳಿದಂತಾಯಿತು. ಕೊನೆಗೆ ಕೊಟ್ಟದ್ದು ಮೊದಲು ಕೇಳಿಸಿಕೊಂಡ ಮೊತ್ತದ ಎರಡರಷ್ಟು. ಮೂಳೆ ತೆಳುವಾಗಿದ್ದವರಿಗೆ ಮೂಳೆಪುಡಿ ತುಂಬಿಸುವುದು, ಮೇಲ್ದವಡೆಯ ಹಿಂಭಾಗವಾದರೆ ಅದರ ಮೇಲಿರುವ ಗಾಳಿಗೂಡಿನ (ಸೈನಸ್ಸಿನ) ಪೊರೆಯನ್ನು ಎತ್ತಿ ಜಾಗ ಮಾಡುವುದು, ಇವೆಲ್ಲ ಇನ್ನೂ ಮೇಲಿನ ಖರ್ಚು. ನನ್ನ ಪುಣ್ಯ, ಅದೊಂದು ಬೇಕಾಗಲಿಲ್ಲ.

‘ಒಮ್ಮೆ ಹಾಕಿಸಿದರೆ ಜೀವನಪೂರ್ತಿ’ ಎಂಬ ಮಾತನ್ನೂ ಆಗ ಕೇಳಿದ್ದೆ. ಅದು ಪೂರ್ತಿ ಸುಳ್ಳಲ್ಲ. ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೊನೆಮಾರ್ಕ್ ಅವರು 1965ರಲ್ಲಿ ಇಂಪ್ಲಾಂಟ್ ಹಾಕಿದ ಮೊದಲ ರೋಗಿ ಯೋಸ್ಟಾ ಲಾರ್ಸನ್. ಆತ 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ನಲವತ್ತು ವರ್ಷಕ್ಕೂ ಮೇಲೆ, ಅವು ಗಟ್ಟಿಯಾಗಿಯೇ ಇದ್ದವು. ನನ್ನದು ಆರೇ ವರ್ಷ. ಲೋಹಕ್ಕೆ ಹುಳುಕು ಹಿಡಿಯುವುದಿಲ್ಲ ಎಂಬ ಧೈರ್ಯದಲ್ಲಿ ಅದರ ಸುತ್ತ ಸರಿಯಾಗಿ ಉಜ್ಜಿಯೇ ಇರಲಿಲ್ಲ. ಒಸಡಿನ ರೋಗ ಮೊದಲೇ ಇತ್ತು, ಸಿಗರೇಟೂ ಇತ್ತು. ಹುಳುಕು ಹಿಡಿಯಲಿಲ್ಲ ನಿಜ, ಸುತ್ತಲಿನ ಒಸಡು ಊದಿಕೊಂಡು ಕೀವಾಗಿ ಒಳಗಿನ ಮೂಳೆ ಕರಗಿತು. ನೋವೇನೂ ಇರಲಿಲ್ಲ. ಒಂದು ದಿನ ಹಲ್ಲುಜ್ಜುವಾಗ ಅದು ಅಲುಗಾಡಿತು, ಅಷ್ಟೇ. ಇದರಲ್ಲಿ ವೈದ್ಯರ ತಪ್ಪು ಹುಡುಕಲು ತುಂಬ ದಿನ ಪ್ರಯತ್ನಪಟ್ಟೆ, ಸಿಗಲಿಲ್ಲ. ಒಸಡು ಸರಿಯಿಲ್ಲದವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಸಿಗರೇಟು ಸೇದುವವರು, ಮೂಳೆ ಸವೆತಕ್ಕೆ ಔಷಧ ತೆಗೆದುಕೊಳ್ಳುತ್ತಿರುವವರು ಬೆಲೆ ವಿಚಾರಿಸುವ ಮೊದಲು ಈ ಮಾತನ್ನು ವೈದ್ಯರ ಮುಂದಿಡಬೇಕು. ಸಿಗರೇಟನ್ನು ನಾನು ಬಿಟ್ಟದ್ದು ಅಂದು.

ಮಿಕ್ಕ ಹಲ್ಲುಗಳೂ ಒಂದೊಂದಾಗಿ ಅದೇ ದಾರಿ ಹಿಡಿದು, ಐವತ್ತೊಂಬತ್ತಕ್ಕೆ ಬೊಚ್ಚುಬಾಯಿಯಾದೆ. ಎರಡು ತಿಂಗಳು ಮಾಯಲು ಬಿಟ್ಟು ಮೇಲಕ್ಕೂ ಕೆಳಕ್ಕೂ ಅಕ್ರಿಲಿಕ್ ಸೆಟ್ಟು ಮಾಡಿಸಿದೆ. ಒಂದೇ ದಿನ, ಒಂದೇ ಕೈಯಿಂದ ಬಂದ ಎರಡು ಸೆಟ್ಟುಗಳು ಅಷ್ಟು ಬೇರೆಬೇರೆ ಇರಬಹುದೆಂದು ನನಗೆ ಗೊತ್ತಿರಲಿಲ್ಲ.

ಮೇಲಿನ ಸೆಟ್ಟು ಅಂಗುಳಿಗೆ ಒತ್ತಿ ಕೂತುಕೊಳ್ಳುತ್ತದೆ. ಅಂಚಿನ ಸುತ್ತ ಗಾಳಿ ನುಗ್ಗದ ಹಾಗೆ ಮುಚ್ಚಿಕೊಂಡು, ನಡುವೆ ಉಗುಳಿನ ತೆಳು ಪದರ ನಿಂತು, ಒದ್ದೆಯಾದ ಎರಡು ಗಾಜಿನ ಚೂರು ಒಂದಕ್ಕೊಂದು ಹಿಡಿದಂತೆ ಹಿಡಿದುಕೊಳ್ಳುತ್ತದೆ. ಮೊದಲ ವಾರ ವಾಂತಿ ಬರುವಂತಾಗುತ್ತಿತ್ತು, ಬಾಯಿತುಂಬ ಉಗುಳು ಸುರಿಯುತ್ತಿತ್ತು. ಬಾಯಿಗೆ ಅದು ಇನ್ನೂ ತಿನ್ನುವ ಪದಾರ್ಥ, ಅದಕ್ಕೇ ಉಗುಳು ಎಂದರು ವೈದ್ಯರು. ಎರಡನೇ ವಾರಕ್ಕೆ ನಿಂತಿತು. ಬಿಸಿಯ ಅಂದಾಜು ತಪ್ಪಿದ್ದು ಮಾತ್ರ ಇಂದಿಗೂ ಹಾಗೆಯೇ ಇದೆ. ಅಂಗುಳಿಗೆ ಹೊದಿಕೆ ಬಿದ್ದಿರುವುದರಿಂದ ಸುಡುಸುಡುವ ಗುಟುಕು ಗಂಟಲಿಗಿಳಿದ ಮೇಲೆಯೇ ಅದು ಬಿಸಿ ಎಂದು ತಿಳಿಯುವುದು.

ಕೆಳಗಿನದರ ಪಾಡು ಬೇರೆ. ಅಲ್ಲಿ ಅಂಗುಳಿಲ್ಲ, ಇರುವುದು ಕುದುರೆ ಲಾಳದಾಕಾರದ ಒಂದು ಕಿರಿದಾದ ದಿಬ್ಬ. ಕೂರಲು ಸಿಗುವ ಜಾಗ ಮೇಲಿನ ಅರ್ಧದಷ್ಟು. ನಡುವೆ ಸದಾ ಅಲುಗುವ ನಾಲಿಗೆ, ಹೊರಗಡೆ ಕೆನ್ನೆ, ತುಟಿ. ಮೇಲಿನ ಸೆಟ್ಟು ಗೋಡೆಗೆ ಅಂಟಿದ ಹಲ್ಲಿಯಾದರೆ ಕೆಳಗಿನದು ನೀರಿನ ಮೇಲಿನ ದೋಣಿ. ಆಕಳಿಸಿದರೆ ಎದ್ದಿತು, ನಕ್ಕರೆ ಎದ್ದಿತು. ಅದರಡಿಯಲ್ಲಿ ಒಂದು ಸಣ್ಣ ಬೀಜ ಸಿಕ್ಕಿಕೊಂಡರೆ ಊಟವೇ ಮುಗಿಯಿತು.

ಹೊಂದಿಕೊಳ್ಳುವುದು ಎಂದರೇನೆಂದು ಕಲಿಸಿದ್ದು ಈ ಕೆಳಸೆಟ್ಟು. ಮುಂದಿನ ಹಲ್ಲಿನಿಂದ ಸೇಬು ಕಚ್ಚಿದರೆ ಹಿಂಭಾಗ ಎದ್ದು ನಿಲ್ಲುತ್ತದೆ, ಆದ್ದರಿಂದ ಎಲ್ಲವನ್ನೂ ಹೆಚ್ಚಿಕೊಂಡೇ ತಿನ್ನಬೇಕು. ಒಂದೇ ಬದಿಯಲ್ಲಿ ಅಗಿದರೆ ಇನ್ನೊಂದು ಬದಿ ಏಳುತ್ತದೆ, ಆದ್ದರಿಂದ ತುತ್ತನ್ನು ಎರಡು ಪಾಲು ಮಾಡಿ ಎರಡೂ ಕಡೆ ಒಟ್ಟಿಗೆ ಅಗಿಯಬೇಕು. ಐವತ್ತೊಂಬತ್ತು ವರ್ಷ ಬಲಗಡೆಯೇ ಅಗಿದವನಿಗೆ ಇದು ಎಡಗೈಯಲ್ಲಿ ಬರೆಯುವುದನ್ನು ಕಲಿತಂತೆ. ನಾಲಿಗೆಯನ್ನು ಹಿಂದಕ್ಕೆಳೆಯದೆ ಅದರ ತುದಿ ಕೆಳಗಿನ ಮುಂಬಲ್ಲುಗಳ ಹಿಂದೆ ತಾಗಿಕೊಂಡಿರಲಿ ಎಂದು ಹೇಳಿಕೊಟ್ಟರು. ಇದೊಂದರಿಂದಲೇ ಅರ್ಧ ತೊಂದರೆ ಕಡಿಮೆಯಾಯಿತು.

ಮಾತು ಇನ್ನೊಂದು ಪರೀಕ್ಷೆ. ಶಾಲೆಯಲ್ಲಿ ವರ್ಣಮಾಲೆ ಕಲಿಸುವಾಗ ತ ಥ ದ ಧ ನಗಳಿಗೆ ದಂತ್ಯ ಎಂದು ಹೆಸರೇಕೆ ಎಂಬುದು ನನಗೆ ಅರ್ಥವಾದದ್ದು ಆಗ. ನಾಲಿಗೆ ಹೋಗಿ ತಾಗುವ ಜಾಗಕ್ಕೆ ಹೊಸ ಹಲ್ಲು ಬಂದಿದೆ, ಹಳೆಯ ಲೆಕ್ಕ ತಪ್ಪಿದೆ. ಟ ಠ ಡ ಢ ಣಗಳಲ್ಲಿ ನಾಲಿಗೆ ಮಡಚಿ ಮೇಲೇಳುವ ಮೊದಲೇ ಅಕ್ರಿಲಿಕ್ ಅಡ್ಡ ಬರುತ್ತದೆ. ಸ ಅಂತೂ ಸಿಳ್ಳೆ. ‘ಅಪ್ಪಾ, ಫೋನಿನಲ್ಲಿ ಯಾಕೆ ಸೀಟಿ ಹೊಡೀತಿದ್ದೀರಿ?’ ಎಂದು ಮಗಳು ನಕ್ಕಳು. ಕೋಣೆಯ ಬಾಗಿಲು ಹಾಕಿಕೊಂಡು ದಿನಕ್ಕೆ ಕಾಲು ಗಂಟೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿದೆ. ಮೂರು ವಾರದಲ್ಲಿ ಸಿಳ್ಳೆ ಹೋಯಿತು. ‘ಸಂತೋಷ’ ಎಂಬ ಪದ ಮಾತ್ರ ಒಂದು ತಿಂಗಳು ಕಾಡಿಸಿತು.

ಒತ್ತಿದಲ್ಲಿ ಹುಣ್ಣಾಗುವುದು ಎಲ್ಲರಿಗೂ ಇದ್ದದ್ದೇ. ನಾನು ಮಾಡಿದ ತಪ್ಪು, ನೋವೆಂದು ಮೂರು ದಿನ ಸೆಟ್ಟು ತೆಗೆದಿಟ್ಟು ನಾಲ್ಕನೇ ದಿನ ತೋರಿಸಲು ಹೋದದ್ದು. ಅಷ್ಟರಲ್ಲಿ ಹುಣ್ಣು ಮಾಯ್ದಿತ್ತು, ಎಲ್ಲಿ ಉಜ್ಜಿ ಸವೆಸಬೇಕೆಂದು ಗೊತ್ತಾಗಲಿಲ್ಲ. ಹೋಗುವ ಹಿಂದಿನ ದಿನ ಹಾಕಿಕೊಂಡಿರಬೇಕು, ಆಗ ಗುರುತು ಕಾಣುತ್ತದೆ. ಮನೆಯಲ್ಲೇ ಉಪ್ಪುಕಾಗದದಿಂದ ಉಜ್ಜಿಕೊಂಡವರೊಬ್ಬರನ್ನು ನಾನು ಬಲ್ಲೆ. ಅವರು ಈಗ ಎರಡನೇ ಸೆಟ್ಟಿನಲ್ಲಿದ್ದಾರೆ. ಉಳಿದದ್ದು ಸಣ್ಣಪುಟ್ಟದ್ದು: ರಾತ್ರಿ ತೆಗೆದು ನೀರಿನಲ್ಲಿಡಬೇಕು, ಇಲ್ಲದಿದ್ದರೆ ಅಂಗುಳಿನಲ್ಲಿ ಬೂಷ್ಟಿನ ಸೋಂಕಾಗಿ ಕೆಂಪಾಗುತ್ತದೆ. ಕುದಿನೀರು ಬೇಡ, ಅಕ್ರಿಲಿಕ್ ಸೊಟ್ಟಗಾಗುತ್ತದೆ. ತೊಳೆಯುವಾಗ ಕೆಳಗೆ ಒಂದು ಬಟ್ಟೆ ಹಾಸಿಕೊಳ್ಳಿ, ಕೈಜಾರಿದರೆ ಎರಡು ಹೋಳು.

ಕೆಳಸೆಟ್ಟಿನ ಜೊತೆ ಒಂದೂವರೆ ವರ್ಷ ಬಾಳಿದೆ. ದಿನಕ್ಕೆ ಮೂರು ಬಾರಿ ಅಂಟು ಹಚ್ಚುವ ಹಂತ ಬಂತು. ಅಂಟಿನ ಟ್ಯೂಬು ಅಗ್ಗ, ಆದರೆ ತಿಂಗಳ ಸಾಮಾನಿನ ಪಟ್ಟಿಯಲ್ಲಿ ಅದೂ ಸೇರಿಕೊಂಡಾಗ ಲೆಕ್ಕ ಬೇರೆಯಾಗುತ್ತದೆ. ಸತು ಇರುವ ಅಂಟನ್ನು ಅತಿಯಾಗಿ ಬಳಸಿದರೆ ನರಗಳಿಗೆ ತೊಂದರೆ ಎಂದೂ ವೈದ್ಯರು ಎಚ್ಚರಿಸಿದರು. ಸಡಿಲವಾಗುತ್ತಿದ್ದುದು ಸೆಟ್ಟಿನ ದೋಷದಿಂದಲ್ಲ. ಹಲ್ಲು ಹೋದ ದವಡೆಯ ಮೂಳೆ ಸವೆಯುತ್ತ ಹೋಗುತ್ತದೆ. ಮೊದಲ ವರ್ಷ ಹೆಚ್ಚು, ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. ಕೆಳದವಡೆಯಂತೂ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ. ಬೂಟು ಅದೇ ಇದೆ, ಕಾಲು ಸಣ್ಣದಾಗುತ್ತಿದೆ.

ಆಗ ಸಿಕ್ಕಿಸುವ ಸೆಟ್ಟಿನ ಮಾತು ಬಂತು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು 2002ರಲ್ಲೇ ಹೇಳಿದ ಮಾತಿದು: ಕೆಳಗೆ ಒಂದೂ ಹಲ್ಲಿಲ್ಲದವರಿಗೆ ಎರಡು ಇಂಪ್ಲಾಂಟಿನ ಮೇಲೆ ಕೂರುವ ಸೆಟ್ಟೇ ಮೊದಲ ಆಯ್ಕೆಯಾಗಬೇಕು, ಬರೀ ಸೆಟ್ಟಲ್ಲ. ನನಗೆ ಸೆಟ್ಟು ಕೊಟ್ಟ ದಿನ ಈ ಮಾತನ್ನು ಯಾರೂ ಎತ್ತಿರಲಿಲ್ಲ ಎಂಬ ಸಿಟ್ಟು ಸ್ವಲ್ಪ ಇದೆ. ಗದ್ದದ ಹಿಂದಿನ ಮೂಳೆ ಗಟ್ಟಿ, ಅಲ್ಲಿ ದೊಡ್ಡ ನರದ ಭಯವೂ ಕಡಿಮೆ. ಹಾಗಾಗಿ ಎಡಕ್ಕೊಂದು ಬಲಕ್ಕೊಂದು ಸ್ಕ್ರೂ ಹಾಕುವುದು ನಾನು ಹೆದರಿದಷ್ಟೇನೂ ಇರಲಿಲ್ಲ, ಹಲ್ಲು ಕೀಳಿಸಿದ್ದಕ್ಕಿಂತ ಹಗುರವೇ. ಮೂರು ತಿಂಗಳು ಕಾಯಬೇಕಾಯಿತು. ಅಷ್ಟು ದಿನ ಹಳೆಯ ಸೆಟ್ಟಿನ ಒಳಭಾಗ ಕೊರೆದು ಮೆತ್ತನೆಯ ಪದರ ಹಾಕಿಕೊಟ್ಟರು. ಆಮೇಲೆ ಅದೇ ಸೆಟ್ಟಿನೊಳಗೆ ಎರಡು ಲೋಹದ ಬಟ್ಟಲು ಕೂರಿಸಿ, ನೈಲಾನ್ ಉಂಗುರ ಹಾಕಿದರು. ಮೇಲಿಂದ ಒತ್ತಿದಾಗ ಅಂಗಿಯ ಪ್ರೆಸ್ ಬಟನ್ನಿನಂತೆ ‘ಟಕ್’ ಎಂದಿತು. ಆ ಶಬ್ದ ಕೇಳಿ ಕುರ್ಚಿಯಲ್ಲಿ ಕೂತೇ ನಕ್ಕೆ. ನಗುವಾಗ ಅದು ಏಳಲಿಲ್ಲ.

ಉಂಗುರಗಳ ಬಣ್ಣದಿಂದ ಹಿಡಿತದ ಬಿಗಿ ಗೊತ್ತಾಗುತ್ತದೆ. ಆಸೆಯಿಂದ ಅತಿ ಬಿಗಿಯಾದದ್ದನ್ನೇ ಹಾಕಿಸಿಕೊಂಡು, ರಾತ್ರಿ ತೆಗೆಯಲಾಗದೆ ಪರದಾಡಿ, ಮರುದಿನ ಒಂದು ಮೆಟ್ಟಿಲು ಇಳಿಸಿಕೊಂಡೆ. ಬೆರಳಿನ ಶಕ್ತಿ ಕುಗ್ಗಿದವರು, ಕೀಲುನೋವಿರುವವರು ಇದನ್ನು ಮೊದಲೇ ಹೇಳಬೇಕು.

ಈಗ ಲೆಕ್ಕ. ಊರೂರಿಗೆ ಬೆಲೆ ಬೇರೆ, ಆದ್ದರಿಂದ ನನ್ನ ಬಿಲ್ಲುಗಳನ್ನು ಎಷ್ಟು ಪಟ್ಟು ಎಂಬ ಲೆಕ್ಕದಲ್ಲಿ ಹೇಳುತ್ತೇನೆ. ಮೇಲೆ ಕೆಳಗೆ ಸೇರಿ ಒಂದು ಜೊತೆ ಸೆಟ್ಟಿಗೆ ಕೊಟ್ಟದ್ದನ್ನು 1 ಎನ್ನಿ. ಒಂಟಿ ಇಂಪ್ಲಾಂಟ್ ಎಲ್ಲ ಸೇರಿ ಅದಕ್ಕಿಂತ ತುಸು ಹೆಚ್ಚು, ಅಂದರೆ ಬಾಯಿತುಂಬ ಹಲ್ಲಿಗಿಂತ ಒಂದು ಹಲ್ಲು ದುಬಾರಿ. ಕೆಳಗಿನ ಎರಡು ಸ್ಕ್ರೂ, ಸ್ಕ್ಯಾನ್, ಬಟ್ಟಲು, ಉಂಗುರ ಎಲ್ಲ ಸೇರಿ ಹತ್ತಿರಹತ್ತಿರ 3. ಕೆಳದವಡೆಗೆ ನಾಲ್ಕು ಸ್ಕ್ರೂ ಹಾಕಿ ತೆಗೆಯಲಾಗದಂತೆ ಹಲ್ಲಿನ ಸಾಲನ್ನೇ ಬಿಗಿಯುವುದಕ್ಕೆ ಬರೆದುಕೊಟ್ಟ ಅಂದಾಜು 8. ಅದನ್ನು ನಾನು ಮಾಡಿಸಿಲ್ಲ, ಅಣ್ಣ ಮಾಡಿಸಿದ್ದಾನೆ. ಅಗಿಯುವುದರಲ್ಲಿ ಅವನೇ ಗೆದ್ದ, ಅದರಲ್ಲಿ ಮಾತಿಲ್ಲ. ಗಟ್ಟಿ ಬಾದಾಮಿಯನ್ನು ನನ್ನೆದುರು ಬೇಕೆಂದೇ ತಿನ್ನುತ್ತಾನೆ. ಆದರೆ ಅವನ ಹಲ್ಲಿನ ಸಾಲಿನ ಅಡಿಯಲ್ಲಿ ನೂಲು, ಸಣ್ಣ ಬ್ರಷ್ಷು ತೂರಿಸಿ ದಿನಾ ಒದ್ದಾಡಬೇಕು. ನಾನು ತೆಗೆದು ತೊಳೆದು ಇಟ್ಟುಬಿಡುತ್ತೇನೆ. ಒಸಡಿನ ರೋಗದ ಇತಿಹಾಸವಿರುವ ನನಗೆ ಅದೇ ಕ್ಷೇಮ ಅನ್ನಿಸಿತು. ಆ 8ಕ್ಕೆ ಮನಸ್ಸು ಬಾರದಿದ್ದುದಕ್ಕೆ ಇದು ಅರ್ಧ ಕಾರಣ, ಇನ್ನರ್ಧ ಕೈಯಲ್ಲಿದ್ದ ದುಡ್ಡು.

ಕೊಟ್ಟು ಮುಗಿಯಿತು ಎಂಬುದು ಯಾವುದರಲ್ಲೂ ಇಲ್ಲ. ಸೆಟ್ಟಿನ ಆಯಸ್ಸು ಸಾಮಾನ್ಯವಾಗಿ ಐದರಿಂದ ಎಂಟು ವರ್ಷ, ನಡುವೆ ಒಳಪದರ ತುಂಬಿಸಬೇಕು. ನೈಲಾನ್ ಉಂಗುರಗಳು ಸವೆಯುತ್ತವೆ, ನನಗೆ ವರ್ಷಕ್ಕೊಮ್ಮೆ ಬದಲಾಯಿಸಬೇಕಾಗಿದೆ. ಇಂಪ್ಲಾಂಟಿನ ಸುತ್ತ ಶುಚಿ ಮಾಡಿಸಿ ಮೂಳೆ ನೋಡಿಸುವ ಖರ್ಚಿದೆ. ಆದರೂ ಕೆಳಗಿನ 3ನ್ನು ಇನ್ನೊಮ್ಮೆ ಕೊಡಬೇಕೆಂದರೆ ಎರಡನೇ ಮಾತಿಲ್ಲದೆ ಕೊಡುತ್ತೇನೆ. ಸಾಲ ಮಾಡಿಯಾದರೂ ಎನ್ನುವ ಮಾತು ಹಲ್ಲಿನ ವಿಷಯದಲ್ಲಿ ನಾನು ಹೇಳುವುದು ಇದೊಂದಕ್ಕೆ.

ಮೇಲಿನದಕ್ಕೂ ಸ್ಕ್ರೂ ಹಾಕಿಸಿ ಎಂದು ಕಳೆದ ತಿಂಗಳು ವೈದ್ಯರು ಹೇಳಿದರು. ಮೇಲ್ದವಡೆಯ ಮೂಳೆ ಮೆದು, ಅಲ್ಲಿ ಎರಡು ಸ್ಕ್ರೂ ಸಾಲುವುದಿಲ್ಲ, ನಾಲ್ಕಾದರೂ ಬೇಕು, ಸೋಲುವ ಸಂಭವವೂ ಹೆಚ್ಚು. ಸಿಗುವ ಲಾಭ? ಅಂಗುಳು ತೆರೆದುಕೊಳ್ಳುತ್ತದೆ, ಬಿಸಿ ಗೊತ್ತಾಗುತ್ತದೆ. ಐದು ವರ್ಷ ಜಗಳವಾಡದೆ ಕೂತಿರುವ ಮೇಲಿನ ಸೆಟ್ಟಿನ ಮೇಲೆ ಅಷ್ಟು ಖರ್ಚು ಮಾಡಲು ನನಗೆ ಕಾರಣ ಕಾಣಲಿಲ್ಲ. ಒಳಪದರ ಮಾತ್ರ ತುಂಬಿಸಿ ಎಂದು ಹೇಳಿ ಬಂದೆ. ಬುಧವಾರ ಕರೆದಿದ್ದಾರೆ. ಕೆಳಗಿನ ಎಡಗಡೆಯ ಉಂಗುರವೂ ‘ಟಕ್’ ಎನ್ನುವುದನ್ನು ಬಿಟ್ಟಿದೆ, ಅದನ್ನೂ ಅಂದೇ ಬದಲಾಯಿಸಬೇಕು.